ಅಕ್ಕ ಇಂಗ್ಲೆಂಡಿಗೆ ಬರ್ತಿರೋದೇ ಹ್ಯಾರಿ ಪಾಟರ್‌ಗೋಸ್ಕರ, ಎಲ್ಲಿಗೆ ಕರ್ಕೊಂಡು ಹೋಗ್ಲಿ?

ರೀಡಿಂಗ್‌ನ ತಮ್ಮ:

ಎಲ್ಲರಿಗೂ ನಮಸ್ಕಾರ. ನಾನು ಇರುವುದು ಇಂಗ್ಲೆಂಡಿನ ರೀಡಿಂಗ್‌ನಲ್ಲಿ. ಆಗಸ್ಟ್ ಕೊನೆಗೆ ನಮ್ಮಕ್ಕ ಮೈಸೂರಿನಿಂದ ಬರುತ್ತಿದ್ದಾಳೆ. ವಯಸ್ಸು 41, ಬ್ಯಾಂಕಿನಲ್ಲಿ ಮ್ಯಾನೇಜರ್. ಒಬ್ಬಳೇ ಬರೋದು. ಭಾವನಿಗೆ ರಜೆ ಇಲ್ಲ, ಮಗನಿಗೆ ಪರೀಕ್ಷೆ.

ನಾನು ಬಕಿಂಗ್‌ಹ್ಯಾಮ್ ಅರಮನೆ, ಟವರ್ ಬ್ರಿಜ್, ಥೇಮ್ಸ್ ದಡದ ಬಸವಣ್ಣನ ಪ್ರತಿಮೆ ಅಂತ ಒಂದು ಪಟ್ಟಿ ಮಾಡಿ ಕಳಿಸಿದೆ. ಬಸವಣ್ಣನೊಬ್ಬನನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಗೀಟು ಎಳೆದು ವಾಪಸ್ ಕಳಿಸಿದಳು. ಕೆಳಗೆ ಅವಳದೇ ಪಟ್ಟಿ. ಪೂರ್ತಿ ಹ್ಯಾರಿ ಪಾಟರ್.

ಇದು ಹೊಸ ಹುಚ್ಚಲ್ಲ. 2007ರ ಜುಲೈ 21, ಶನಿವಾರ. ಏಳನೇ ಪುಸ್ತಕ ಬಂದ ದಿನ. ಅಕ್ಕ ಆಗ ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದಳು. ಬೆಳಗ್ಗೆ ತಿಂಡಿಗೂ ಮುಂಚೆ ಆಟೋ ಹಿಡಿದು ಪುಸ್ತಕದಂಗಡಿ ಮುಂದೆ ಕ್ಯೂ ನಿಂತಿದ್ದಳಂತೆ. ಆಮೇಲೆ ಫೋನೇ ಎತ್ತಲಿಲ್ಲ. ಅಮ್ಮ ಗಾಬರಿಬಿದ್ದು ನನ್ನನ್ನು ಬಸ್ ಹತ್ತಿಸಿದರು. ಹೋಗಿ ನೋಡಿದರೆ ಮಂಚದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳೆ. ನೆಂಟರಲ್ಲಿ ಯಾರೋ ಹೋದರು ಅಂದುಕೊಂಡೆ. ಸತ್ತಿದ್ದು ಕಥೆಯೊಳಗಿನ ಡಾಬಿ.

ನಾನು ಸಿನಿಮಾಗಳನ್ನೂ ಸರಿಯಾಗಿ ನೋಡಿಲ್ಲ. ನನಗೆ ಬೇಕಾಗಿರೋದು ಇಷ್ಟು. ಸ್ಟುಡಿಯೋ ಟೂರ್ ದುಡ್ಡಿಗೆ ತಕ್ಕ ಹಾಗಿದೆಯಾ? ಸೆಪ್ಟೆಂಬರ್ ಒಂದಕ್ಕೆ ಕಿಂಗ್ಸ್ ಕ್ರಾಸ್ ಸ್ಟೇಷನ್ನಿನಲ್ಲಿ ಇರಲೇಬೇಕು ಅಂತಾಳೆ, ಅಲ್ಲಿ ಏನಿರುತ್ತೆ? ಇದಕ್ಕೋಸ್ಕರ ಎಡಿನ್‌ಬರೋ ತನಕ ಹೋಗಬೇಕಾ? ಮತ್ತೆ, ಈ ವಯಸ್ಸಿಗೆ ಇದೆಲ್ಲ ಮಾಮೂಲಾ?

ವ್ಯಾಟ್‌ಫರ್ಡ್ ಪಕ್ಕದವ:

ಮಾಮೂಲು. ಊರಿಂದ ಯಾರೇ ಬಂದರೂ ನಾನೇ ಡ್ರೈವರ್, ಹಾಗಾಗಿ ಹೇಳ್ತಿದ್ದೇನೆ.

ಸ್ಟುಡಿಯೋ ಇರೋದು ಲೀವ್ಸ್‌ಡೆನ್‌ನಲ್ಲಿ. ಸಿನಿಮಾ ತೆಗೆದ ಜಾಗವೇ ಅದು, 2012ರಲ್ಲಿ ಜನರಿಗೆ ತೆರೆದರು. ಗೇಟಿನಲ್ಲಿ ಟಿಕೆಟ್ ಕೊಡೋದಿಲ್ಲ. ಆನ್‌ಲೈನ್‌ನಲ್ಲಿ ದಿನ, ಹೊತ್ತು ಎರಡನ್ನೂ ಮೊದಲೇ ಬುಕ್ ಮಾಡಬೇಕು. ಸ್ಕೂಲು ರಜೆ ಇದ್ದಾಗ ತಿಂಗಳುಗಟ್ಟಲೆ ಮುಂಚೆಯೇ ಖಾಲಿಯಾಗಿರುತ್ತೆ. ಆದ್ದರಿಂದ ಇದನ್ನು ಓದಿದ ತಕ್ಷಣ ಹೋಗಿ ನೋಡಿ. ಲಂಡನ್ ಯೂಸ್ಟನ್‌ನಿಂದ ವ್ಯಾಟ್‌ಫರ್ಡ್ ಜಂಕ್ಷನ್‌ಗೆ ರೈಲು, ಅಲ್ಲಿಂದ ಅವರದೇ ಬಸ್ಸು.

ಒಳಗೆ ಊಟದ ಹಾಲ್, ಬ್ಯಾಂಕು, ಕೆಂಪು ಉಗಿಬಂಡಿ ಎಲ್ಲ ಇವೆ. ಆದರೆ ಕೊನೆಗೆ ಸಿಗುವ ಹಾಗ್ವರ್ಟ್ಸ್ ಕೋಟೆಯ, ಅಂದ್ರೆ ಹ್ಯಾರಿ ಓದುವ ಮಂತ್ರವಿದ್ಯೆಯ ಶಾಲೆಯ, ಮಾದರಿ ಇದೆಯಲ್ಲ, ಅಸಲಿಗೆ 24ರಲ್ಲಿ ಒಂದು ಅಳತೆಯದು, ಅಲ್ಲಿಗೆ ಬಂದಾಗ ಮಕ್ಕಳು ಸುಸ್ತಾಗಿ ಐಸ್‌ಕ್ರೀಮ್ ಕೇಳ್ತಿರ್ತಾರೆ. ಅಪ್ಪ ಅಮ್ಮ ಮಾತ್ರ ಕಟಕಟೆ ಹಿಡಿದು ನಿಂತುಬಿಟ್ಟಿರ್ತಾರೆ. ನಮ್ಮತ್ತೆಯನ್ನು ಅಲ್ಲಿಂದ ಎಬ್ಬಿಸಿಕೊಂಡು ಬರೋದೇ ಕಷ್ಟವಾಯ್ತು. ಬಟರ್‌ಬಿಯರ್ ಒಂದನ್ನು ಕೊಂಡು ಹಂಚಿಕೊಳ್ಳಿ, ಸಕ್ಕರೆ ಪಾಕ ಅದು.

ಗೊಣಗಪ್ಪ:

ಬೇಜಾರು ಮಾಡ್ಕೋಬೇಡಿ. ಮಕ್ಕಳ ಪುಸ್ತಕ ಅಲ್ವಾ ಇದು? ಮಕ್ಕಳು ಓದಿ, ದೊಡ್ಡವರಾಗಿ, ಮರೆಯಬೇಕು. ವೀಸಾ, ವಿಮಾನದ ಖರ್ಚು ಹಾಕ್ಕೊಂಡು ಬಂದು ಇಲ್ಲದ ಪ್ಲಾಟ್‌ಫಾರಂ ಮುಂದೆ ಫೋಟೋ ತೆಗೆಸಿಕೊಳ್ಳೋದು ನನಗಂತೂ ಅರ್ಥವಾಗಲ್ಲ.

ಲೀತ್ ನಿವಾಸಿ:

ಗೊಣಗಪ್ಪನವರೇ, ಇದನ್ನು ದೊಡ್ಡವರು ಮೊದಲಿಂದಲೂ ಓದುತ್ತಿದ್ದಾರೆ. ಮೊದಲ ಪುಸ್ತಕ ಬಂದಿದ್ದು 1997ರ ಜೂನ್ 26ರಂದು. ಗಟ್ಟಿ ರಟ್ಟಿನ ಪ್ರತಿ ಹಾಕಿದ್ದು ಬರೀ 500. ಮರುವರ್ಷವೇ ಪ್ರಕಾಶಕರಾದ ಬ್ಲೂಮ್ಸ್‌ಬರಿಯವರು ಅದೇ ಪುಸ್ತಕಕ್ಕೆ ಇನ್ನೊಂದು ಮುಖಪುಟ ಹಾಕಿದರು. ಕಪ್ಪು ಬಿಳುಪು ಫೋಟೋ, ಒಂದು ಉಗಿಬಂಡಿ. ಒಳಗಿನ ಕಥೆ ಅದೇ. ಯಾರಿಗೆ ಹೇಳಿ? ಟೈ ಕಟ್ಟಿಕೊಂಡು ಆಫೀಸಿಗೆ ಹೋಗುವಾಗ ರೈಲಿನಲ್ಲಿ ಬಣ್ಣದ ಚಿತ್ರದ ಪುಸ್ತಕ ಹಿಡಿಯೋಕೆ ನಾಚಿಕೊಳ್ಳುವವರಿಗೆ. 2000ದ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಮಕ್ಕಳ ಪುಸ್ತಕಕ್ಕೇ ಬೇರೆ ಪಟ್ಟಿ ಶುರು ಮಾಡಿತು. ಹೆಚ್ಚು ಮಾರಾಟದ ಪಟ್ಟಿಯಲ್ಲಿ ಈ ಹುಡುಗ ಮೇಲಿನ ಜಾಗ ಬಿಟ್ಟು ಕದಲುತ್ತಲೇ ಇರಲಿಲ್ಲ, ಬೇರೆಯವರು ಗಲಾಟೆ ಎಬ್ಬಿಸಿದ್ದರು. ಇನ್ನು ಮೊದಲ ಪುಸ್ತಕ ಬಂದಾಗ ಹನ್ನೊಂದು ವರ್ಷ ಇದ್ದವರಿಗೆ ಈಗ ನಲವತ್ತರ ಹತ್ತಿರ. ಅವರು ಮರೆಯಬೇಕು ಅಂತ ಯಾವ ಕಾನೂನಿದೆ?

ಈಗ ರೀಡಿಂಗ್‌ನವರ ಪ್ರಶ್ನೆಗೆ ಬರ್ತೀನಿ. ನನಗೆ 46. ಎಡಿನ್‌ಬರೋದಲ್ಲಿ ಔಷಧಿ ಅಂಗಡಿ ಕೆಲಸ. ಬಂದವರನ್ನು ಸುತ್ತಾಡಿಸಿ ನನಗೆ ಗೊತ್ತಾಗಿರೋದು ಒಂದೇ. ಇವರಲ್ಲಿ ಎರಡು ಪಂಗಡ. ಒಂದು ಪುಸ್ತಕದವರು, ಇನ್ನೊಂದು ಸಿನಿಮಾದವರು. ಸಿನಿಮಾದವರನ್ನು ಎಲ್ಲಿಗೆ ಬೇಕಾದರೂ ಕರ್ಕೊಂಡು ಹೋಗಿ, ಕುಣಿದಾಡ್ತಾರೆ. ಪುಸ್ತಕದವರನ್ನು ಅದೇ ಜಾಗಕ್ಕೆ ಕರ್ಕೊಂಡು ಹೋದರೆ ದಾರಿಯುದ್ದಕ್ಕೂ ತಪ್ಪು ಹುಡುಕ್ತಾರೆ. ನಿಮ್ಮಕ್ಕ ಯಾವ ಕಡೆ ಅಂತ ಮೊದಲು ತಿಳ್ಕೊಳ್ಳಿ.

ಹ್ಯಾರಿಯ ಕಣ್ಣು ಯಾವ ಬಣ್ಣ ಅಂತ ಸುಮ್ನೆ ಕೇಳಿ. ಪುಸ್ತಕದಲ್ಲಿ ಹಸಿರು, ಅವನ ಅಮ್ಮನ ಕಣ್ಣು. ಏಳು ಪುಸ್ತಕದ ಕಥೆಗೂ ಅದು ಬೇಕು. ಸಿನಿಮಾದಲ್ಲಿ ನೀಲಿ, ಯಾಕಂದ್ರೆ ನಟನಿಗೆ ಲೆನ್ಸ್ ಒಗ್ಗಲಿಲ್ಲ. ‘ಹಸಿರು’ ಅಂದು ಸುಮ್ಮನಾದರೆ ಪರವಾಗಿಲ್ಲ. ‘ಹಸಿರು, ಆದರೆ ಆ ದರಿದ್ರ ಸಿನಿಮಾದಲ್ಲಿ’ ಅಂತ ಶುರು ಮಾಡಿದರೆ ನನ್ನ ಪಂಗಡ. ಆಮೇಲೆ ಪೀವ್ಸ್ ಅನ್ನೋ ತರಲೆ ಭೂತವನ್ನು ಎಂಟು ಸಿನಿಮಾದಲ್ಲಿ ಎಲ್ಲೂ ತೋರಿಸದೇ ಬಿಟ್ಟಿದ್ದು, ಡಾಬಿಯಂಥ ಮನೆಯಾಳುಗಳಿಗೋಸ್ಕರ ಹರ್ಮೈನಿ ಸಂಘ ಕಟ್ಟಿದ್ದನ್ನು ಕತ್ತರಿಸಿದ್ದು, ಅವಳ ನೀಲಿ ಉಡುಪನ್ನು ಗುಲಾಬಿ ಮಾಡಿದ್ದು, ಎಲ್ಲ ಬರುತ್ತೆ. ಟೀ ಇಟ್ಕೊಂಡು ಕೂತ್ಕೊಳ್ಳಿ.

ಪುಸ್ತಕದವರಾದರೆ ಎಡಿನ್‌ಬರೋ ತಪ್ಪಿಸಬೇಡಿ. ಲೇಖಕಿ ರೌಲಿಂಗ್ ಇಲ್ಲೇ ಇದ್ದು ಬರೆದವರು. ಏಳನೆಯದನ್ನು ಮುಗಿಸಿದ್ದು ಬಾಲ್ಮೊರಲ್ ಹೋಟೆಲಿನ 552ನೇ ರೂಮಿನಲ್ಲಿ, 2007ರ ಜನವರಿ 11ರಂದು. ಅಲ್ಲಿದ್ದ ಕಲ್ಲಿನ ಪ್ರತಿಮೆಯ ಮೇಲೆ ಆಕೆಯೇ ಹಾಗಂತ ಬರೆದಿಟ್ಟರು. ರೂಮಿನ ಬಾಡಿಗೆ ಕೇಳಬೇಡಿ. ಹೊರಗೆ ನಿಂತು ಗಡಿಯಾರದ ಗೋಪುರ ನೋಡಿ, ಅದಕ್ಕೆ ಕಾಸಿಲ್ಲ.

ಗ್ರೇಫ್ರಯರ್ಸ್ ಸ್ಮಶಾನಕ್ಕೆ ಮಾತ್ರ ಬೆಳಗ್ಗೆ ಬೇಗ ಬನ್ನಿ. ಮಧ್ಯಾಹ್ನ ಆದರೆ ಗೈಡುಗಳ ಹಿಂದೆ ಗುಂಪು ಗುಂಪು ಜನ. ಗೋಡೆಯಲ್ಲಿ ಥಾಮಸ್ ರಿಡೆಲ್ ಅನ್ನುವವರ ಕಲ್ಲಿದೆ, 1806ರಲ್ಲಿ ತೀರಿಕೊಂಡವರು. ಕಥೆಯ ಖಳನ ಹುಟ್ಟುಹೆಸರು ಟಾಮ್ ರಿಡಲ್ ಆದ್ದರಿಂದ ಪಾಪ ಅವರ ಗೋರಿಗೆ ಈಗಲೂ ಚೀಟಿಗಳು ಬರ್ತವೆ. ಹೋದ ಚಳಿಗಾಲದಲ್ಲಿ ಐವತ್ತು ದಾಟಿದ ಇಬ್ಬರು ಹೆಂಗಸರು ಅಲ್ಲಿ ನಿಂತಿದ್ದರು. ಒಬ್ಬರು ಕೈಗವಸು ಬಿಚ್ಚಿ, ಅಕ್ಷರಗಳ ಮೇಲೆ ಬೆರಳಾಡಿಸಿ, ಸ್ಪೆಲಿಂಗ್ ಬೇರೆ, ಇದು ಲೆಕ್ಕಕ್ಕಿಲ್ಲ ಅಂತ ವಾದ. ಇನ್ನೊಬ್ಬರು ಕೊಡೆ ಹಿಡಿದು, ಇಷ್ಟು ದೂರ ಬಂದಿದ್ದೀವಿ, ಇವನೇ ಅಂತ ಅಂದ್ಕೊ ಅಂತ ಸಮಾಧಾನ. ನಾನು ಪಕ್ಕದಲ್ಲಿ ಬೇಕಂತಲೇ ನಿಧಾನ ನಡೆದೆ.

ಅದೇ ಸ್ಮಶಾನದಲ್ಲಿ ಕವಿ ವಿಲಿಯಂ ಮೆಕ್‌ಗೊನಗಲ್‌ಗೂ ಒಂದು ಫಲಕ ಇದೆ. ಅತಿ ಕೆಟ್ಟ ಕವಿ ಅಂತಲೇ ಹೆಸರುವಾಸಿ. ಹ್ಯಾರಿಯ ಶಾಲೆಯ ಪ್ರೊಫೆಸರ್ ಮೆಕ್‌ಗೊನಗಲ್‌ಗೆ ಹೆಸರು ಬಂದಿದ್ದು ಅವನಿಂದ, ಇದನ್ನು ರೌಲಿಂಗೇ ಹೇಳಿದ್ದಾರೆ. ಒಂದು ಮಾತು, ಅಲ್ಲಿ ಇರೋದೆಲ್ಲ ನಿಜವಾದ ಸಮಾಧಿ. ಹತ್ತಿ ಫೋಟೋ ತೆಗೆಸಿಕೊಳ್ಳುವ ಜನ ಇದ್ದಾರೆ, ನೋಡಿದರೆ ಮೈ ಉರಿಯುತ್ತೆ.

ಕಿಂಗ್ಸ್ ಕ್ರಾಸ್ ವಿಷಯ. ಕಥೆಯಲ್ಲಿ ಮಕ್ಕಳು ಇಲ್ಲಿ 9, 10ನೇ ಪ್ಲಾಟ್‌ಫಾರಂ ಮಧ್ಯದ ಗೋಡೆಯೊಳಗೆ ನುಗ್ಗಿ, ಒಂಬತ್ತೂ ಮುಕ್ಕಾಲನೇ ಪ್ಲಾಟ್‌ಫಾರಂನಿಂದ ಶಾಲೆಯ ರೈಲು ಹಿಡೀತಾರೆ. ಗೋಡೆಯೊಳಗೆ ಅರ್ಧ ಹೊಕ್ಕ ಟ್ರಾಲಿ ಇರೋದು 9, 10ನೇ ಪ್ಲಾಟ್‌ಫಾರಂ ಮಧ್ಯೆ ಅಲ್ಲ, ಹೊರಗೆ ಜನ ಓಡಾಡುವ ಜಾಗದಲ್ಲಿ. ಕ್ಯೂ ಉದ್ದ ಇರುತ್ತೆ. ನಿಮ್ಮ ಫೋನಿನಲ್ಲಿ ತೆಗೆದರೆ ದುಡ್ಡಿಲ್ಲ, ಮಫ್ಲರ್ ಅವರೇ ಕೊಟ್ಟು, ಹಾರೋ ಹಾಗೆ ಹಿಡೀತಾರೆ. ಕಥೆಯಲ್ಲಿ ಸೆಪ್ಟೆಂಬರ್ ಒಂದಕ್ಕೆ ಹಾಗ್ವರ್ಟ್ಸ್ ರೈಲು ಹೊರಡುವುದು ಬೆಳಗ್ಗೆ ಹನ್ನೊಂದಕ್ಕೆ, ಅದಕ್ಕೇ ಜನ ಸೇರೋದು. ಆದರೆ 2024ರಲ್ಲಿ ಬರಬೇಡಿ, ಆನ್‌ಲೈನ್‌ನಲ್ಲೇ ಕಾರ್ಯಕ್ರಮ ಅಂತ ಮೊದಲೇ ಹೇಳಿದ್ದರೂ ಜನ ಬಂದರು. ಸ್ಟೇಷನ್ ಬೋರ್ಡಿನಲ್ಲಿ ಹಿಂದಿನಂತೆ ಹಾಗ್ವರ್ಟ್ಸ್ ರೈಲಿನ ಹೆಸರು ಬರಲಿಲ್ಲ, ಎಲ್ಲ ಸೇರಿ ಕೂಗಾಡಿದರು. ಈ ವರ್ಷದ್ದು ವಿಚಾರಿಸಿಕೊಂಡೇ ಹೋಗಿ. ಎಡಿನ್‌ಬರೋ ರೈಲು ಹೊರಡುವುದೂ ಅದೇ ಸ್ಟೇಷನ್ನಿನಿಂದ. ಹನ್ನೊಂದರ ಹೊತ್ತಿನ ಟಿಕೆಟ್ ಸಿಕ್ಕರೆ ಬಿಡಬೇಡಿ. ಬೋರ್ಡಿನಲ್ಲಿ ಏನೂ ಬರದಿದ್ದರೂ ನಿಮ್ಮಕ್ಕ ಅಷ್ಟು ಹೊತ್ತಿಗೆ ಸ್ಕಾಟ್ಲೆಂಡಿನ ರೈಲಿನಲ್ಲಿ ಕೂತಿರ್ತಾರೆ.

ಮಂಡಿ ನೋವಿನ ಆಟಗಾರ:

ಕಥೆಯಲ್ಲಿ ಅವರು ಕ್ವಿಡಿಚ್ ಅಂತ ಹಾರುವ ಪೊರಕೆಯ ಆಟ ಆಡ್ತಾರಲ್ಲ, ಅದನ್ನು ನಾನು ಇಲ್ಲಿ ಎಂ.ಎಸ್. ಮಾಡುವಾಗ ನಿಜವಾಗಿಯೂ ಆಡಿದ್ದೇನೆ. ಶುರುವಾಗಿದ್ದು 2005ರಲ್ಲಿ, ಅಮೆರಿಕದ ವರ್ಮಾಂಟ್‌ನ ಮಿಡಲ್‌ಬರಿ ಕಾಲೇಜಿನಲ್ಲಿ. ಪೊರಕೆ ಬದಲು ಪ್ಲಾಸ್ಟಿಕ್ ಪೈಪು, ಕಾಲ ಸಂದಿಯಲ್ಲಿ ಇಟ್ಟುಕೊಂಡೇ ಓಡಬೇಕು. ಕಥೆಯ ಹಾರುವ ಚಿನ್ನದ ಚೆಂಡಿನ ಬದಲು ಒಬ್ಬ ಆಸಾಮಿ ಹಳದಿ ಬಟ್ಟೆ ಹಾಕಿಕೊಂಡು, ಸೊಂಟಕ್ಕೆ ಕಾಲುಚೀಲದಲ್ಲಿ ಟೆನಿಸ್ ಚೆಂಡು ಸಿಕ್ಕಿಸಿಕೊಂಡು ತಪ್ಪಿಸಿಕೊಳ್ತಾನೆ. ನಗಬೇಡಿ, ಟ್ಯಾಕಲ್ ಇದೆ, ನನ್ನ ಮಂಡಿ ಹೋಗಿದ್ದು ಅದರಲ್ಲೇ. 2022ರಲ್ಲಿ ಹೆಸರನ್ನು ಕ್ವಾಡ್‌ಬಾಲ್ ಅಂತ ಬದಲಾಯಿಸಿದರು. ಹಳೇ ಹೆಸರಿನ ಹಕ್ಕು ಸಿನಿಮಾ ತೆಗೆದ ವಾರ್ನರ್ ಕಂಪನಿಯದು, ಅದೊಂದು ಕಾರಣ. ಟ್ರಾನ್ಸ್ ಜನರ ಬಗ್ಗೆ ರೌಲಿಂಗ್ ಆಡಿದ ಮಾತು ಬಹಳ ಆಟಗಾರರಿಗೆ ಸರಿಬರಲಿಲ್ಲ, ಅದು ಇನ್ನೊಂದು. ನನ್ನ ಟೀಮಿನ ಒಬ್ಬಳು ಆಮೇಲೆ ಹೊಸ ಪುಸ್ತಕ, ಟೀಶರ್ಟು ಏನೂ ಕೊಳ್ಳಲಿಲ್ಲ. ಹಳೇ ಪ್ರತಿಗಳನ್ನು ಮಾತ್ರ ಇನ್ನೂ ಓದ್ತಾಳೆ.

ರೀಡಿಂಗ್‌ನ ತಮ್ಮ:

ಲೀತ್ ಮೇಡಂ, ನಿಮ್ಮ ಪ್ರಶ್ನೆ ಕೇಳಿದೆ. ಹಸಿರು ಅಂದಳು. ಆಮೇಲೆ ಬಂದ ವಾಯ್ಸ್ ಮೆಸೇಜನ್ನು ಬಸ್ಸಿನಲ್ಲಿ ಕೇಳಲು ಶುರು ಮಾಡಿದವನು ಮನೆ ಬಾಗಿಲು ತೆಗೆಯುವಾಗಲೂ ಕೇಳುತ್ತಿದ್ದೆ. ಪೀವ್ಸ್ ಅನ್ನೋ ಹೆಸರು ಮೊದಲ ನಿಮಿಷದಲ್ಲೇ ಬಂತು. ಎಡಿನ್‌ಬರೋ ರೂಮು ಬುಕ್ ಆಯ್ತು. ಸ್ಟುಡಿಯೋ ಟಿಕೆಟ್ಟೂ ಸಿಕ್ಕಿತು, ತಪ್ಪು ಹುಡುಕೋಕಾದರೂ ಬರ್ತಾಳಂತೆ.

ಇನ್ನೊಂದು ಜಾಗ ಬಾಕಿ ಇದೆ. ವೇಲ್ಸ್‌ನಲ್ಲಿ ಡಾಬಿ ಸಮಾಧಿ ಅಂತೆ, ಫ್ರೆಶ್‌ವಾಟರ್ ವೆಸ್ಟ್. ಅದು ಸಿನಿಮಾದ್ದಲ್ವಾ, ನೀನು ಪುಸ್ತಕದವಳು ಅಂದೆ. ‘ಪುಸ್ತಕದಲ್ಲಿ ಕಾರ್ನ್‌ವಾಲ್ ಕಣೋ, ನನಗೂ ಗೊತ್ತು. ಕಾರ್ನ್‌ವಾಲ್‌ನಲ್ಲಿ ಗೋರಿ ಕಟ್ಟಿಲ್ಲವಲ್ಲ’ ಅಂದಳು. ಒಂದೇ ದಿನದಲ್ಲಿ ಹೋಗಿ ಬರಬಹುದಾ?

ಸ್ವಾನ್ಸೀ ಕನ್ನಡಿಗ:

ರೀಡಿಂಗ್‌ನಿಂದ ಕಾರಿನಲ್ಲಿ ಒಂದು ಕಡೆಗೇ ನಾಲ್ಕು ಗಂಟೆ ಹತ್ತಿರ. ಒಂದು ರಾತ್ರಿ ಪೆಂಬ್ರೋಕ್‌ನಲ್ಲಿ ಉಳ್ಕೊಳ್ಳಿ. ಮರಳ ದಿಬ್ಬದ ಮೇಲೆ ಜನರೇ ಕಲ್ಲು ಗುಡ್ಡೆ ಹಾಕಿ ಮಾಡಿಕೊಂಡ ಸಮಾಧಿ ಅದು, ಕಲ್ಲಿನ ಮೇಲೆಲ್ಲ ಬಣ್ಣದಲ್ಲಿ ಬರೆದಿರ್ತಾರೆ. ಬಂದವರು ಕಾಲುಚೀಲ ಇಟ್ಟು ಹೋಗ್ತಿದ್ದರು, ಡಾಬಿಗೆ ಬಿಡುಗಡೆ ಸಿಕ್ಕಿದ್ದು ಕಾಲುಚೀಲದಿಂದ ತಾನೇ. ಅವು ಗಾಳಿಗೆ ಹಾರಿ ಸಮುದ್ರಕ್ಕೆ, ಪ್ರಾಣಿಗಳ ಬಾಯಿಗೆ ಹೋಗಬಾರದು ಅಂತ 2022ರಲ್ಲಿ ಆ ಜಾಗ ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್‌ನವರು, ಸಮಾಧಿ ಇರಲಿ, ದಯವಿಟ್ಟು ಏನೂ ಇಡಬೇಡಿ, ಫೋಟೋ ತೆಗೆದುಕೊಂಡು ಹೋಗಿ ಅಂದರು. ಅಕ್ಕನ ಬ್ಯಾಗಿನಲ್ಲಿ ಹೊಸ ಸಾಕ್ಸ್ ಇದ್ದರೆ ಮೊದಲೇ ತಿಳಿಸಿಬಿಡಿ. ನೀರಿಗೆ ಇಳಿಯಬೇಡಿ, ಅಲ್ಲಿ ಸೆಳೆತ ಜಾಸ್ತಿ. ಕೊಡೆ ತರಬೇಡಿ, ಉಲ್ಟಾ ಆಗುತ್ತೆ. ಟೋಪಿ ಇರುವ ಜಾಕೆಟ್ ಸಾಕು.