ಗ್ರೀನ್‌ಹೌಸ್‌ಗೆ ಈಗಲೇ ಎಲ್ಲ ಸಾಗಿಸಬೇಡ ಪುಟ್ಟಿ

ಪುಟ್ಟಿ, ಫೋಟೋ ನೋಡಿದೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹಿತ್ತಲು ಇರುವ ಮನೆ, ಅದರಲ್ಲಿ ಹಳಬರು ಬಿಟ್ಟುಹೋದ ಗಾಜಿನ ಗ್ರೀನ್‌ಹೌಸ್ ಬೇರೆ! ಭಾವ ಆಗಲೇ ಗ್ರೂಪಿನಲ್ಲಿ "ಈ ವರ್ಷ ಹೀರೆಕಾಯಿ ಬಜ್ಜಿಗೆ ಬರ್ತೀವಿ" ಅಂತ ಹಾಕಿಬಿಟ್ಟಿದ್ದಾರೆ. ಟೈಪ್ ಮಾಡುತ್ತಾ ಕೂತರೆ ಇವತ್ತಿಗೆ ಮುಗಿಯುವುದಿಲ್ಲ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಪಾತ್ರೆ ತೊಳೆಯುತ್ತಾ ಕೇಳು.

ಕಿಟಕಿ ಹತ್ತಿರ ಇಟ್ಟಿರುವ ಟೊಮೆಟೊ, ಮೆಣಸಿನಕಾಯಿ, ಚೆಂಡುಹೂವಿನ ಸಸಿಗಳನ್ನು ಈ ವಾರವೇ ಅಲ್ಲಿಗೆ ಸಾಗಿಸಬಹುದಾ ಅಂತ ಕೇಳಿದೆ ಅಲ್ವಾ? ಬೇಡ. ಈಗಿನ್ನೂ ಏಪ್ರಿಲ್ ಮಧ್ಯ. ಹೀಟರ್ ಇಲ್ಲದ ಗ್ರೀನ್‌ಹೌಸ್ ರಾತ್ರಿ ಹೊತ್ತು ಹೊರಗಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗಿದ್ದರೆ ಅದೇ ಹೆಚ್ಚು. ನಿಮ್ಮ ಕಡೆ ಮೇ ತಿಂಗಳಲ್ಲೂ ಒಂದೊಂದು ರಾತ್ರಿ ಫ್ರಾಸ್ಟ್, ಅಂದರೆ ಹೆಪ್ಪುಗಟ್ಟುವ ಇಬ್ಬನಿ, ಬೀಳುತ್ತದೆ. ಟೊಮೆಟೊ, ಮೆಣಸಿನಕಾಯಿ ಎರಡಕ್ಕೂ 10 ಡಿಗ್ರಿ ಕೆಳಗಿನ ರಾತ್ರಿ ಆಗಿಬರುವುದಿಲ್ಲ. ಸಾಯದಿದ್ದರೂ ಬೆಳೆಯದೆ ಮುನಿಸಿಕೊಂಡು ನಿಂತುಬಿಡುತ್ತವೆ.

ಆದರೆ ನನಗೆ ನಿನ್ನ ಹಗಲಿನದೇ ಹೆಚ್ಚು ಚಿಂತೆ. ಎಲ್ಲರೂ ಚಳಿಗೆ ಹೆದರುತ್ತಾರೆ, ಬಿಸಿಲನ್ನು ಮರೆಯುತ್ತಾರೆ. ಏಪ್ರಿಲ್‌ನಲ್ಲಿ ಹೊರಗೆ 14 ಡಿಗ್ರಿ ಇದ್ದು ಚೆನ್ನಾಗಿ ಬಿಸಿಲು ಬಿದ್ದರೆ, ಬಾಗಿಲು ಮುಚ್ಚಿದ ಗಾಜಿನೊಳಗೆ 35 ದಾಟಬಹುದು. ನೀನು ಬೆಳಿಗ್ಗೆ ಚಳಿ ಅಂತ ಬಾಗಿಲು ಹಾಕಿ ಆಫೀಸಿಗೆ ಹೋಗುತ್ತೀಯ, ಸಂಜೆ ಬಂದರೆ ಸಸಿಗಳೆಲ್ಲ ಬೆಂದಿರುತ್ತವೆ. ಹಾಗಾಗಿ ಮೊದಲು ಒಂದು ಮ್ಯಾಕ್ಸ್-ಮಿನ್ ಥರ್ಮಾಮೀಟರ್ ತಂದು ಒಳಗೆ ನೆರಳಲ್ಲಿ ನೇತುಹಾಕು. ಒಂದು ವಾರ ಸುಮ್ನೆ ಓದುತ್ತಿರು. ರಾತ್ರಿ ಎಷ್ಟಕ್ಕೆ ಇಳಿಯಿತು, ಮಧ್ಯಾಹ್ನ ಎಷ್ಟಕ್ಕೆ ಏರಿತು ಗೊತ್ತಾಗುತ್ತದೆ. ಆಮೇಲೆ ಚಾವಣಿಯ ಕಿಟಕಿಗೆ ತಾನಾಗಿ ತೆರೆಯುವ ಓಪನರ್ ಹಾಕಿಸು. ಅದಕ್ಕೆ ಕರೆಂಟೂ ಬೇಡ, ಬ್ಯಾಟರಿಯೂ ಬೇಡ. ಕೊಳವೆಯೊಳಗಿನ ಮೇಣ ಬಿಸಿಗೆ ಹಿಗ್ಗಿ ಕಿಟಕಿಯನ್ನು ಎತ್ತುತ್ತದೆ, ತಣ್ಣಗಾದರೆ ಇಳಿಸುತ್ತದೆ. ಕೆಲಸಕ್ಕೆ ಹೋಗುವವರಿಗೆ ಗ್ರೀನ್‌ಹೌಸ್‌ನಲ್ಲಿ ದುಡ್ಡು ಹಾಕಬೇಕಾದ ವಸ್ತು ಅಂದರೆ ಇದೊಂದೇ, ಉಳಿದಿದ್ದೆಲ್ಲ ಅಂಗಡಿಯವರ ಆಸೆ.

ಹಾಗಂತ ಮೇವರೆಗೆ ಖಾಲಿ ಬಿಡಬೇಡ. ಚಳಿ ತಡೆಯುವ ಸೊಪ್ಪಿಗೆ ಇದೇ ಒಳ್ಳೆ ಕಾಲ. ಅಡುಗೆಮನೆ ಡಬ್ಬಿಯ ಮೆಂತ್ಯವನ್ನೇ ರಾತ್ರಿ ನೆನೆಹಾಕಿ ಅಗಲವಾದ ಟ್ರೇಯಲ್ಲಿ ಚೆಲ್ಲು. ಪಾಲಕ್, ಮೂಲಂಗಿಯೂ ಆಗುತ್ತವೆ. ಕೊತ್ತಂಬರಿ ಬೀಜವನ್ನು ಲಟ್ಟಣಿಗೆಯಲ್ಲಿ ಮೆಲ್ಲಗೆ ಒತ್ತಿ ಎರಡಾಗಿಸಿ, ಎಲ್ಲಿ ಬೆಳೆಯಬೇಕೋ ಅಲ್ಲೇ ಹಾಕು. ಕಿತ್ತು ನೆಟ್ಟರೆ ಅದಕ್ಕೆ ಇಷ್ಟವಾಗುವುದಿಲ್ಲ. ಸೆಕೆಯಾದರೆ ಬೇಗ ಹೂವಿಗೆ ಹೋಗುತ್ತದೆ, ಆದ್ದರಿಂದ ಬಾಗಿಲ ಪಕ್ಕ ಇಡು. ಹೂವು ಬೇಕೆಂದರೆ ಸ್ವೀಟ್ ಪೀ ಹಾಕು, ಅದು ಚಳಿಗೆ ಜಗ್ಗುವುದಿಲ್ಲ. ಕಾಯಿ ಮಾತ್ರ ತಿನ್ನುವಂಥದ್ದಲ್ಲ, ಮಕ್ಕಳಿಗೆ ಹೇಳಿಡು. ನೋಡಲು ಬಟಾಣಿಯ ಹಾಗೇ ಇರುತ್ತದೆ.

ಟೊಮೆಟೊ ಸಸಿಗಳನ್ನು ಟ್ರೇಯಲ್ಲಿಟ್ಟು ಶನಿವಾರ ಭಾನುವಾರ ಹಗಲು ಅಲ್ಲಿ, ರಾತ್ರಿ ಮನೆಯೊಳಗೆ ಮಾಡು. ರಾತ್ರಿ ಉಷ್ಣತೆ 10ರ ಮೇಲೆ ನಿಂತ ಮೇಲೆ ಪೂರ್ತಿ ಸಾಗಿಸು. ನೀರನ್ನು ಮೇಲಿಂದ ಸುರಿಯಬೇಡ, ಟ್ರೇಗೆ ಹಾಕಿ ಕೆಳಗಿಂದ ಕುಡಿಯಲು ಬಿಡು. ಮೇಲ್ಮಣ್ಣು ಸದಾ ಒದ್ದೆಯಿದ್ದರೆ ಎಳೆ ಸಸಿ ಬುಡದಲ್ಲಿ ಕೊಳೆತು ಒಂದೇ ರಾತ್ರಿಯಲ್ಲಿ ಮಲಗಿಬಿಡುತ್ತದೆ. ಹೂವು ಬಂದಾಗ ಮಧ್ಯಾಹ್ನದ ಹೊತ್ತಿಗೆ ಗೊಂಚಲನ್ನು ಬೆರಳಲ್ಲಿ ತಟ್ಟು, ಗಾಜಿನೊಳಗೆ ಗಾಳಿ ಕಡಿಮೆ, ಪರಾಗ ಉದುರಲು ನಿನ್ನ ಸಹಾಯ ಬೇಕು.

ಚೆಂಡುಹೂವನ್ನು ಮರೆಯದೆ ಟೊಮೆಟೊ ಪಕ್ಕದಲ್ಲೇ ಇಡು, ಗಿಡ್ಡ ಜಾತಿಯದು, ಫ್ರೆಂಚ್ ಮಾರಿಗೋಲ್ಡ್ ಅಂತಾರಲ್ಲ ಅದು. ಅಜ್ಜಿ ಕಾಲದ ಮಾತು ಅಂತ ನಗಬೇಡ. ನ್ಯೂಕಾಸಲ್ ಯೂನಿವರ್ಸಿಟಿಯವರು 2019ರಲ್ಲಿ ಇದನ್ನೇ ಗಾಜಿನ ಮನೆಯಲ್ಲಿ ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ಆ ಗಿಡ ಬಿಡುವ ಲಿಮೊನೀನ್ ವಾಸನೆ, ಎಲೆಯ ರಸ ಹೀರುವ ಬಿಳಿನೊಣವನ್ನು ದೂರ ಇಡುತ್ತದೆಯಂತೆ. ಆದರೆ ಮೊದಲಿಂದಲೇ ಜೊತೆಗಿರಬೇಕು. ನೊಣ ಮುತ್ತಿದ ಮೇಲೆ ತಂದಿಟ್ಟರೆ ಅಷ್ಟು ಉಪಯೋಗವಿಲ್ಲ.

ಇನ್ನು ನಿಮ್ಮತ್ತೆ ಬೆಳೆಸಬೇಕು ಅಂತ ಕೊಟ್ಟಿರುವ ಪಟ್ಟಿ. ಹೀರೆಕಾಯಿ ಆಗುತ್ತದೆ, ಏಪ್ರಿಲ್ ಕೊನೆಗೆ ಮನೆಯೊಳಗೆ ಬೆಚ್ಚಗೆ ಬೀಜ ಹಾಕು. ಅದರ ಹೂವು ಅರಳುವುದು ಸಂಜೆ, ಆಗ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ನೀನೇ ಸೋಕಿಸಬೇಕು. ಕನಕಾಂಬರ, ಮಲ್ಲಿಗೆ ಕುಂಡಗಳು ಜೂನ್‌ವರೆಗೆ ಕಿಟಕಿಯಲ್ಲೇ ಇರಲಿ, ಚಳಿಗಾಲಕ್ಕೆ ಮತ್ತೆ ಒಳಗೆ ಬರಬೇಕು. ಅವರೆ ಮಾತ್ರ ಬೇಡ ಅಂತ ಹೇಳಿಬಿಡು. ನಮ್ಮ ಊರಿನ ನಾಟಿ ಅವರೆ ಹಗಲು ಕಿರಿದಾದಾಗಲೇ ಹೂ ಬಿಡುವುದು. ಲೀಡ್ಸ್‌ನಲ್ಲಿ ಜೂನ್ ಹಗಲು 17 ಗಂಟೆ! ಬಳ್ಳಿ ಚಾವಣಿ ತುಂಬ ಹಬ್ಬುತ್ತದೆ, ಸೆಪ್ಟೆಂಬರ್ ದಾಟಿ ಮೊಗ್ಗು ತೋರಿಸುವಷ್ಟರಲ್ಲಿ ಚಳಿ ಬಂದಿರುತ್ತದೆ. ಹಗಲಿನ ಉದ್ದ ಲೆಕ್ಕಿಸದ ಹೆಬ್ಬಾಳ ಅವರೆ-3, ಅವರೆ-4 ತಳಿಗಳನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಬಿಡುಗಡೆ ಮಾಡಿದ್ದಾರೆ, ನಿಜ. ಆದರೆ ಸೊಗಡು ಬೇಕು ಅನ್ನುವ ನಿಮ್ಮತ್ತೆ ಅದನ್ನು ಅವರೆ ಅಂತಲೇ ಒಪ್ಪುವುದಿಲ್ಲ.

ನಿಮ್ಮತ್ತೆ ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಬೀಜ ತುಂಬಿಕೊಂಡು ಬರಲಿ ಅಂತ ಭಾವ ಬರೆದಿದ್ದಾರೆ. ಭಾವ, ಬೇಡ. ಟೊಮೆಟೊ, ಮೆಣಸಿನಕಾಯಿ ಬೀಜಕ್ಕೆ ಇಲ್ಲಿ ಫೈಟೊಸ್ಯಾನಿಟರಿ ಸರ್ಟಿಫಿಕೇಟ್, ಅಂದರೆ ರೋಗ ಕೀಟ ಇಲ್ಲ ಅನ್ನುವ ಸರ್ಕಾರಿ ಪತ್ರ, ಬೇಕು. ಹಸಿ ಕರಿಬೇವಂತೂ ತರುವ ಹಾಗೇ ಇಲ್ಲ. ಕರಿಬೇವಿನ ಸಸಿ ನಾನೇ ಲೆಸ್ಟರ್‌ನಿಂದ ತಂದುಕೊಡುತ್ತೇನೆ ಪುಟ್ಟಿ, ಜೂನ್‌ನಲ್ಲಿ.

ಅಂದ ಹಾಗೆ, ಫೋಟೋದಲ್ಲಿ ಎಡಗಡೆ ಮೇಲಿನ ಗಾಜು ಒಡೆದ ಹಾಗೆ ಕಾಣುತ್ತಿದೆ. ಉಳಿದ ಗಾಜಿನ ಮೇಲೆಲ್ಲ ಪಾಚಿ. ಸೋಪು ನೀರಲ್ಲಿ ತಿಕ್ಕಿ ತೊಳೆ, ಪಾಚಿ ಇದ್ದರೆ ಬೆಳಕು ಸರಿಯಾಗಿ ಇಳಿಯುವುದಿಲ್ಲ. ಒಡೆದದ್ದರ ಅಳತೆ ತೆಗೆದು ಕಳಿಸು. ಚಿಕ್ಕಪ್ಪನ ಶೆಡ್ಡಿನಲ್ಲಿ ಗಾಜಿನ ಬದಲು ಹಾಕುವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಶೀಟಿನ ತುಂಡುಗಳು ಬಿದ್ದಿವೆ, ಕತ್ತರಿಸಿ ಇಟ್ಟಿರಲು ಹೇಳುತ್ತೇನೆ.