ಗಡಿಯಾಚೆ ಎಲ್‌ಎನ್‌ಜಿ ಟರ್ಮಿನಲ್ ಬಂದರೆ ಈಚೆಯವರು ಕೇಳಬಹುದಾ? – ನಮ್ಮ ಕರಾವಳಿ ಗ್ರೂಪಿನ ಪ್ರಶ್ನೋತ್ತರ

ಅಡ್ಮಿನ್: ಈ ಸಲ ಉತ್ತರಿಸುವವರು ಶಿರಸಿಯವರೇ. ಪಶ್ಚಿಮ ಕರಾವಳಿಯ ಗ್ಯಾಸ್ ಟರ್ಮಿನಲ್‌ಗಳಲ್ಲಿ ಸುರಕ್ಷತಾ ಎಂಜಿನಿಯರ್ ಆಗಿದ್ದು ಈಗ ನಿವೃತ್ತಿಯಾಗಿ ಊರಿಗೆ ಬಂದಿದ್ದಾರೆ. ಕೆಲಸ ಮಾಡಿದ ಕಂಪನಿಗಳ ವಿಷಯ ಬಿಟ್ಟು ಮತ್ತೇನನ್ನಾದರೂ ಕೇಳಿ.

ಪ್ರಶ್ನೆ (ಮಾಜಾಳಿಯಿಂದ): ಮೇಡಂ, ನನ್ನ ತಮ್ಮನ ಮಗ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಓದುತ್ತಿದ್ದಾನೆ. ಅಲ್ಲಿ ಒಂದು ಕೊಲ್ಲಿ ಉಂಟಂತೆ, ಈಚೆ ದಡ ಕೆನಡಾ, ಆಚೆ ದಡ ಅಮೆರಿಕ. ಆಚೆ ದಡದಲ್ಲಿ ಮೂರು ಎಲ್‌ಎನ್‌ಜಿ ಟರ್ಮಿನಲ್ (ತಣಿಸಿ ದ್ರವ ಮಾಡಿದ ನೈಸರ್ಗಿಕ ಅನಿಲವನ್ನು ಹಡಗಿನಿಂದ ಇಳಿಸಿಕೊಳ್ಳುವ ಘಟಕ) ಕಟ್ಟಲು ಹೊರಟಿದ್ದರಂತೆ, ಒಂದೂ ಆಗಲಿಲ್ಲವಂತೆ. ನಮ್ಮ ಮನೆಯಿಂದ ಗೋವಾ ಗಡಿ ಕೂಗಳತೆ ದೂರ. ಇಲ್ಲಿ ಸದ್ಯ ಅಂಥ ಯೋಜನೆ ಏನೂ ಇಲ್ಲ ನಿಜ. ಆದರೂ ಅವರು ಹೇಗೆ ನಿಲ್ಲಿಸಿದರು ಅಂತ ತಿಳಿಯುವ ಆಸೆ.

ಉತ್ತರ: ನೀವು ಹೇಳುತ್ತಿರುವುದು ಪಾಸಮಕ್ವಾಡಿ ಕೊಲ್ಲಿ. ಫಂಡಿ ಕೊಲ್ಲಿಯ ಬಾಯಿಯ ಹತ್ತಿರ, ಅಮೆರಿಕದ ಮೇಯ್ನ್ ರಾಜ್ಯಕ್ಕೂ ನ್ಯೂ ಬ್ರನ್ಸ್‌ವಿಕ್‌ಗೂ ನಡುವೆ ಇದೆ. 2005ರ ಹೊತ್ತಿಗೆ ಅಮೆರಿಕಕ್ಕೆ ಗ್ಯಾಸ್ ಸಾಲದು, ಹೊರಗಿಂದ ತರಿಸಲೇಬೇಕು ಎಂಬ ಮಾತು ಜೋರಾಗಿತ್ತು. ಆಗ ಮೇಯ್ನ್ ಬದಿಯಲ್ಲಿ ಒಂದರ ಹಿಂದೊಂದು ಮೂರು ಪ್ರಸ್ತಾಪ ಬಂದವು: ಪಾಸಮಕ್ವಾಡಿ ಬುಡಕಟ್ಟಿನವರ ಪ್ಲೆಸೆಂಟ್ ಪಾಯಿಂಟ್‌ನಲ್ಲಿ ಕ್ವಾಡಿ ಬೇ, ರಾಬಿನ್‌ಸ್ಟನ್‌ನಲ್ಲಿ ಡೌನ್‌ಈಸ್ಟ್, ಇನ್ನೂ ಮೇಲೆ ನದಿಯ ಬದಿಗೆ ಕ್ಯಾಲಸ್. ಎದುರು ದಡದಲ್ಲಿ ಸೇಂಟ್ ಆಂಡ್ರ್ಯೂಸ್ ಎಂಬ ಕೆನಡಾದ ಹಳೆಯ ಪ್ರವಾಸಿ ಊರು.

ವಿರೋಧ ಮಾಡಿದವರು ಎರಡೂ ದೇಶದವರು, ಜೊತೆಗೆ ಬುಡಕಟ್ಟಿನವರು. ಮೂರೂ ಕಡೆಯವರು ಸೇರಿ ಒಂದೇ ಸಂಘಟನೆ ಕಟ್ಟಿಕೊಂಡರು. ಭೂಪಟ ತೆಗೆದು ನೋಡಿದರೆ ಅವರಿಗೆ ಸಿಕ್ಕ ಎಳೆ ನಿಮಗೂ ಕಾಣುತ್ತದೆ. ಟರ್ಮಿನಲ್ ಕಟ್ಟುವ ಜಾಗವೆಲ್ಲ ಅಮೆರಿಕದ್ದು. ಆದರೆ ಗ್ಯಾಸ್ ಹೊತ್ತ ಹಡಗು ಅಲ್ಲಿಗೆ ತಲುಪಬೇಕಾದರೆ ಕ್ಯಾಂಪೊಬೆಲ್ಲೊ ಮತ್ತು ಡೀರ್ ಎಂಬ ಎರಡು ದ್ವೀಪಗಳ ನಡುವಿನ ಹೆಡ್ ಹಾರ್ಬರ್ ಪ್ಯಾಸೇಜ್ ಎಂಬ ಕಿರುದಾರಿಯಲ್ಲೇ ಒಳಗೆ ಬರಬೇಕು. ಆ ಎರಡೂ ದ್ವೀಪ ಕೆನಡಾದವು, ನಡುವಿನ ನೀರೂ ಕೆನಡಾದ್ದು. ಭರತ–ಇಳಿತದ ವ್ಯತ್ಯಾಸ ಆರು ಮೀಟರಿನ ಆಸುಪಾಸು. ನಮ್ಮಲ್ಲಿ ಎರಡು ಮೀಟರ್ ಏರಿದರೆ ದೊಡ್ಡ ಭರತ ಅನ್ನುತ್ತೇವೆ, ಲೆಕ್ಕ ಹಾಕಿ. ಹತ್ತಿರದಲ್ಲೇ 'ಓಲ್ಡ್ ಸೌ' ಎಂದು ಕರೆಯುವ ದೊಡ್ಡ ಸುಳಿ ಇದೆ. ಬೇಸಿಗೆಯಲ್ಲಿ ಮಂಜು ಮುಸುಕುತ್ತದೆ. ಅಳಿವಿನಂಚಿನ ರೈಟ್ ತಿಮಿಂಗಿಲಗಳು ಆ ಕಡಲಿಗೆ ಮೇಯಲು ಬರುತ್ತವೆ. ಇಂಥ ಕಡೆ ಹೆಚ್ಚುಕಡಿಮೆ ಮುನ್ನೂರು ಮೀಟರ್ ಉದ್ದದ ಹಡಗು ತಿರುಗಿಸಬೇಕು.

ಜನ ಹಿಡಿದ ಪ್ರಶ್ನೆ ಇದೇ: ಹಡಗು ಯಾವ ದಾರಿಯಲ್ಲಿ ಬರುತ್ತದೆ, ಆ ದಾರಿಗೆ ಯಾರ ಒಪ್ಪಿಗೆ ಇದೆ? ಅದನ್ನು ಬಿಡದೆ ಕೆನಡಾದ ರಾಜಧಾನಿ ಒಟ್ಟಾವಾದ ತನಕ ಕೊಂಡೊಯ್ದರು. 2007ರ ಫೆಬ್ರುವರಿಯಲ್ಲಿ ಕೆನಡಾದ ರಾಯಭಾರಿ ಮೈಕೆಲ್ ವಿಲ್ಸನ್ ಅಮೆರಿಕದ ಫೆಡರಲ್ ಇಂಧನ ನಿಯಂತ್ರಣ ಆಯೋಗಕ್ಕೆ ಪತ್ರ ಬರೆದು, ಆ ದಾರಿಯಲ್ಲಿ ಎಲ್‌ಎನ್‌ಜಿ ಹಡಗುಗಳಿಗೆ ಕೆನಡಾ ಅವಕಾಶ ಕೊಡುವುದಿಲ್ಲ ಎಂದು ತಿಳಿಸಿದರು. ಕಂಪನಿಗಳು ಅಂತರರಾಷ್ಟ್ರೀಯ ಸಮುದ್ರ ಕಾನೂನಿನ ಸಂಚಾರದ ಹಕ್ಕು ಮುಂದಿಟ್ಟವು. ಕೆನಡಾ ಒಪ್ಪಲಿಲ್ಲ. ಸೇಂಟ್ ಜಾನ್‌ನಲ್ಲಿ 2009ರಲ್ಲಿ ಶುರುವಾದ ತನ್ನದೇ ಟರ್ಮಿನಲ್ ಕಾಪಾಡಿಕೊಳ್ಳಲು ಕೆನಡಾ ಹೀಗೆ ಮಾಡುತ್ತಿದೆ ಎಂದು ಆಚೆಯವರು ದೂರಿದ್ದೂ ಹೌದು. ಆ ಮಾತನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಕ್ವಾಡಿ ಬೇ ಅರ್ಜಿಯನ್ನು ಆಯೋಗ 2008ರಲ್ಲಿ ವಜಾ ಮಾಡಿತು, ಕ್ಯಾಲಸ್ 2012ರಲ್ಲಿ ಹೋಯಿತು, ಡೌನ್‌ಈಸ್ಟ್ 2016ರಲ್ಲಿ. ಅಷ್ಟರಲ್ಲಿ ಅಲ್ಲಿನದೇ ನೆಲದ ಬಂಡೆಪದರಗಳಿಂದ ತೆಗೆಯುವ ಶೇಲ್ ಗ್ಯಾಸ್ ಬಂದು ಅಮೆರಿಕಕ್ಕೆ ಆಮದೇ ಬೇಡವಾಗಿತ್ತು. ಡೌನ್‌ಈಸ್ಟ್‌ನವರು ಕೊನೆಕೊನೆಗೆ ರಫ್ತನ್ನೂ ಮಾಡುತ್ತೇವೆ ಎಂದು ಯೋಜನೆ ತಿರುಗಿಸಿದ್ದರು. ಹಾಗಾಗಿ 'ಜನರೇ ಗೆದ್ದರು' ಎಂದಷ್ಟೇ ಹೇಳಿದರೆ ಅರ್ಧ ಸತ್ಯ. ಮಾರುಕಟ್ಟೆ ತಿರುಗುವ ತನಕ ಹತ್ತು ವರ್ಷ ಕೈಬಿಡದೆ ಹಿಡಿದಿಟ್ಟುಕೊಂಡರಲ್ಲ, ಅದು ಮಾತ್ರ ಜನರ ಕೆಲಸ.

ಪ್ರಶ್ನೆ (ಬೈತಖೋಲದಿಂದ): ಎಲ್‌ಎನ್‌ಜಿ ಹಡಗು ಅಂದರೆ ತೇಲುವ ಬಾಂಬು ಅಂತ ವಾಟ್ಸಾಪಿನಲ್ಲಿ ಬರುತ್ತದಲ್ಲ, ನಿಜವಾ?

ಉತ್ತರ: ಆ ಮೆಸೇಜು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಸಭೆಯಲ್ಲಿ ಹಾಗೆ ಹೇಳಿದರೆ ಕಂಪನಿಯ ತಜ್ಞ ಒಂದೇ ನಿಮಿಷದಲ್ಲಿ ನಿಮ್ಮ ಬಾಯಿ ಮುಚ್ಚಿಸುತ್ತಾನೆ, ಆಮೇಲೆ ನೀವು ಹೇಳುವ ಸರಿಯಾದ ಮಾತನ್ನೂ ಯಾರೂ ಕೇಳುವುದಿಲ್ಲ.

ವಿಷಯ ಇಷ್ಟು. ನೈಸರ್ಗಿಕ ಅನಿಲವನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದರೆ ದ್ರವವಾಗುತ್ತದೆ, ಗಾತ್ರ ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಟ್ಯಾಂಕಿನಲ್ಲಿ ಅದು ಒತ್ತಡದಲ್ಲಿ ಇರುವುದಿಲ್ಲ, ತಣ್ಣಗಿರುತ್ತದೆ ಅಷ್ಟೇ. ದ್ರವರೂಪದಲ್ಲಿ ಅದಕ್ಕೆ ಬೆಂಕಿ ಹತ್ತುವುದಿಲ್ಲ. ಮನೆಯ ಸಿಲಿಂಡರಿನ ಎಲ್‌ಪಿಜಿ ಬೇರೆ ವಸ್ತು, ಎರಡನ್ನೂ ಕಲಸಬೇಡಿ.

ನೀರಿನ ಮೇಲೆ ಚೆಲ್ಲಿದರೆ ಏನಾಗುತ್ತದೆ ಎನ್ನುವುದು ನಿಜವಾದ ಪ್ರಶ್ನೆ. ಕಡಲ ನೀರು ಅದಕ್ಕೆ ಬಿಸಿ ಬಾಣಲೆ ಇದ್ದ ಹಾಗೆ, ಮುಟ್ಟಿದ ಕೂಡಲೇ ಕುದಿದು ಆವಿಯಾಗುತ್ತದೆ. ಆ ಆವಿ ಮೊದಲು ಗಾಳಿಗಿಂತ ಭಾರ. ತೇವದ ಗಾಳಿಯಲ್ಲಿ ಬಿಳಿ ಮೋಡವಾಗಿ ನೀರಿನ ಮೇಲೇ ತೆವಳುತ್ತದೆ. ಬೆಚ್ಚಗಾದ ಮೇಲೆ ಹಗುರಾಗಿ ಮೇಲೇರುತ್ತದೆ. ಗಾಳಿಯಲ್ಲಿ ಶೇ 5ರಿಂದ 15ರಷ್ಟು ಬೆರೆತಾಗ ಕಿಡಿ ಸಿಕ್ಕರೆ ಉರಿಯುತ್ತದೆ. ಆ ಬೆಂಕಿಯ ಶಾಖವೇ ಅಪಾಯ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯ 2004ರಲ್ಲಿ ಈ ಲೆಕ್ಕ ಹಾಕಿತು. ಹಡಗಿನಿಂದ 500 ಮೀಟರ್ ಒಳಗೆ ಅತಿ ತೀವ್ರ, 1,600 ಮೀಟರ್ ತನಕ ಅದಕ್ಕಿಂತ ಕಡಿಮೆ, ಅದರಾಚೆ ಇನ್ನೂ ಕಡಿಮೆ ಎಂದು ವಲಯ ಮಾಡಿತು. ಪಾಸಮಕ್ವಾಡಿ ಕೊಲ್ಲಿಯ ಹೋರಾಟಗಾರರು ಈ ವಲಯಗಳನ್ನು ಹಡಗಿನ ಇಡೀ ದಾರಿಯ ಮೇಲೆ ಗೆರೆ ಎಳೆದು ನೋಡಿದರು. ಯಾವ ಊರು, ಯಾವ ಮನೆ, ಯಾವ ಶಾಲೆ ಒಳಗೆ ಬೀಳುತ್ತದೆ ಎಂದು ತೋರಿಸಿದರು.

ಅಪಘಾತಗಳು ಆಗಿವೆ. 1944ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಟ್ಯಾಂಕ್ ಒಡೆದು ನೂರಕ್ಕೂ ಹೆಚ್ಚು ಜನ ಸತ್ತರು, 2004ರಲ್ಲಿ ಅಲ್ಜೀರಿಯಾದ ಸ್ಕಿಕ್ಡಾದಲ್ಲಿ 27 ಜನ. ಇವೆರಡೂ ದಡದ ಮೇಲಿನ ಘಟಕಗಳು. ಹಡಗುಗಳ ದಾಖಲೆ ಒಳ್ಳೆಯದೇ ಇದೆ, ಅದನ್ನು ಒಪ್ಪಿಕೊಂಡೇ ಮಾತಾಡಬೇಕು.

ಮೀನುಗಾರರಿಗೆ ನಾನು ಹೇಳುವುದು ಬೇರೆ. ಬೆಂಕಿ ಬೀಳುವುದು ಅಪರೂಪ, ದಾರಿ ಮುಚ್ಚುವುದು ಮಾತ್ರ ಪ್ರತಿ ಸಲ. ಬಾಸ್ಟನ್ ಬಂದರಿಗೆ ಎಲ್‌ಎನ್‌ಜಿ ಹಡಗು ಬಂದರೆ ಸುತ್ತ ಕಾವಲು ದೋಣಿಗಳು, ಮೇಲಿನ ಸೇತುವೆಯ ವಾಹನಗಳನ್ನೂ ತಡೆಯುತ್ತಾರೆ. ಹಡಗಿನ ಜೊತೆಗೇ ಚಲಿಸುವ ನಿಷೇಧ ವಲಯ ಅದು. ಕಂತು ಬಲೆ ಬಿಟ್ಟು ಕೂತವನು ಬಲೆ ಎಳೆಯುವ ತನಕ ಹಡಗು ಕಾಯುವುದಿಲ್ಲ. ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದ ಮೇಲೆ ಅರಗಾ, ಬಿಣಗಾ ಬದಿಯ ಕಡಲಲ್ಲಿ ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಎಂದು ಕಲಿತವರು ನೀವೇ.

ಇನ್ನೊಂದು ಇದೆ, ಯಾರೂ ಕೇಳದ್ದು. ದ್ರವವನ್ನು ಮತ್ತೆ ಅನಿಲ ಮಾಡಲು ಬಹಳ ಕಡೆ ಸಮುದ್ರದ ನೀರನ್ನೇ ಬಳಸುತ್ತಾರೆ. ನೀರು ಕೆಲವು ಡಿಗ್ರಿ ತಣ್ಣಗಾಗಿ, ಪೈಪಿನಲ್ಲಿ ಚಿಪ್ಪು ಕಟ್ಟದಿರಲು ಹಾಕಿದ ಕ್ಲೋರಿನ್ ಅಂಶದ ಜೊತೆ ವಾಪಸು ಕಡಲಿಗೆ ಬರುತ್ತದೆ. ಎಳೆದುಕೊಂಡ ನೀರಿನಲ್ಲಿ ಮೀನಿನ ಮೊಟ್ಟೆ, ಸೀಗಡಿ ಮರಿ ಇದ್ದರೆ ಅವು ಉಳಿಯುವುದಿಲ್ಲ. ತೆರೆದ ಕಡಲಲ್ಲಿ ಇದು ಸಣ್ಣ ವಿಷಯ ಇರಬಹುದು. ಅಳಿವೆಯ ಬಾಯಲ್ಲಿ ಖಂಡಿತ ಸಣ್ಣದಲ್ಲ.

ಪ್ರಶ್ನೆ (ಹೊನ್ನಾವರದಿಂದ): ಬೇಸರ ಮಾಡಬೇಡಿ ಮೇಡಂ. ಕೈಗಾ ಬೇಡ, ಬಂದರು ಬೇಡ, ತದಡಿಯಲ್ಲಿ ವಿದ್ಯುತ್ ಸ್ಥಾವರ ಬೇಡ, ಎಲ್ಲವೂ ಬೇಡ ಅಂದರೆ ನಮ್ಮಂಥವರು ಗೋವಾಕ್ಕೆ, ಮಂಗಳೂರಿಗೆ ಹೋಗಿ ದುಡಿಯುವುದೇ ಗತಿಯಾ?

ಉತ್ತರ: ಬೇಸರ ಏಕೆ, ನ್ಯಾಯವಾದ ಪ್ರಶ್ನೆ. ನಾನೂ ಕೆಲಸಕ್ಕಾಗಿ ಊರು ಬಿಟ್ಟವಳೇ.

ಅಲ್ಲಿಯೂ ಇದೇ ಮಾತು ಇತ್ತು. ಮೇಯ್ನ್‌ನ ಆ ವಾಷಿಂಗ್ಟನ್ ಕೌಂಟಿ ಆ ರಾಜ್ಯದ ಬಡ ಜಿಲ್ಲೆಗಳಲ್ಲಿ ಒಂದು. ಪೆರಿ ಎಂಬ ಊರಿನವರು 2005ರಲ್ಲಿ ಮತ ಹಾಕಿ ಬೇಡ ಎಂದರು. ರಾಬಿನ್‌ಸ್ಟನ್ ಊರಿನವರು ಮರುವರ್ಷ ದೊಡ್ಡ ಬಹುಮತದಿಂದ ಬೇಕು ಎಂದರು. ಬುಡಕಟ್ಟಿನ ಆಡಳಿತ ಮಂಡಳಿ ಕಂಪನಿಗೆ ಜಾಗ ಗುತ್ತಿಗೆ ಕೊಡಲು ಒಪ್ಪಿತು, ಅದೇ ಬುಡಕಟ್ಟಿನ ಕೆಲವರು ಗುತ್ತಿಗೆಗೆ ಮಂಜೂರಾತಿ ಕೊಟ್ಟ ಫೆಡರಲ್ ಇಲಾಖೆಯನ್ನು ಕೋರ್ಟಿಗೆ ಎಳೆದರು. ಒಂದೇ ಮನೆಯಲ್ಲಿ ಎರಡು ಅಭಿಪ್ರಾಯ ಇರುವುದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಬೇಕು ಎಂದವರನ್ನು ಕಂಪನಿಯ ಏಜೆಂಟ್ ಎಂದು ಕರೆಯುವ ಚಾಳಿ ನನಗೆ ಸೇರುವುದಿಲ್ಲ.

ಆದರೆ ಲೆಕ್ಕ ಕೇಳಿ. ಕಟ್ಟುವಾಗ ಎರಡು–ಮೂರು ವರ್ಷ ಸಾವಿರಾರು ಜನ ಇರುತ್ತಾರೆ. ಅದರಲ್ಲಿ ಹೆಚ್ಚಿನವರು ಗುತ್ತಿಗೆದಾರರ ಜೊತೆ ಹೊರಗಿಂದ ಬರುವ ವೆಲ್ಡರ್, ಫಿಟ್ಟರ್‌ಗಳು. ನಡೆಯಲು ಶುರುವಾದ ಮೇಲೆ ಇಂಥ ಟರ್ಮಿನಲ್‌ಗೆ ಬೇಕಾಗುವುದು ಕೆಲವು ನೂರು ಜನ, ಅದೂ ಸೆಕ್ಯುರಿಟಿಯವರನ್ನು ಸೇರಿಸಿ. ಕಂಟ್ರೋಲ್ ರೂಮಿನಲ್ಲಿ ಒಂದು ಪಾಳಿಗೆ ಬೆರಳೆಣಿಕೆಯವರು. ಆ ಕುರ್ಚಿಯಲ್ಲಿ ನಮ್ಮ ಜಿಲ್ಲೆಯ ಡಿಪ್ಲೊಮಾ ಹುಡುಗ, ಹುಡುಗಿ ಕೂರುತ್ತಾರೆ ಎಂದು ಬರೆದುಕೊಡುತ್ತೀರಾ ಎಂದು ಕೇಳಿ. ಇನ್ನೊಂದು ಬದಿಗೆ ಮೀನು ಒಣಗಿಸುವ ಹೆಂಗಸರು, ಮಂಜುಗಡ್ಡೆ ಘಟಕದವರು, ಬುಟ್ಟಿ ಹೊತ್ತು ಮಾರುವವರು, ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಬಳಚು (ಚಿಪ್ಪುಮೀನು) ಆರಿಸುವವರು. ಇವರ ಹೆಸರು ಯಾವ ಮಸ್ಟರ್ ರೋಲಿನಲ್ಲೂ ಇಲ್ಲ. ಅದಕ್ಕೇ ಯೋಜನಾ ವರದಿಯ ಕೋಷ್ಟಕದಲ್ಲಿ ಇವರು ಕಳೆದುಕೊಳ್ಳುವ ದುಡಿಮೆ ಸೊನ್ನೆ ಎಂದು ಬರುತ್ತದೆ. ಈ ಸೊನ್ನೆ ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ (ಗಡಿಯಾಚೆ ಗೋವಾದ ಪೋಳೆಂನಲ್ಲಿ ಅಂಗಡಿ ಇಟ್ಟ ಸದಸ್ಯರು): ಕೆನಡಾ ಬೇರೆ ದೇಶ, ಪತ್ರ ಬರೆಯಿತು. ನಮ್ಮಲ್ಲಿ ಎರಡು ರಾಜ್ಯ. ಯೋಜನೆ ಮಾಜಾಳಿಯಲ್ಲಿ ಬಂದರೆ ಗೋವಾದವರು, ಇಲ್ಲಿ ಬಂದರೆ ಕಾರವಾರದವರು ಏನು ಮಾಡಬಹುದು?

ಉತ್ತರ: ಕೆನಡಾ ಮಾಡಿದ ಹಾಗೆ ಒಂದು ರಾಜ್ಯ ಕಡಲ ದಾರಿ ಮುಚ್ಚಲು ಬರುವುದಿಲ್ಲ, ಸಮುದ್ರ ಸಂಚಾರ ಕೇಂದ್ರ ಸರ್ಕಾರದ ಕೈಯಲ್ಲಿದೆ. ಹಾಗಂತ ದಾರಿಯೇ ಇಲ್ಲ ಎಂದಲ್ಲ.

2006ರ ಪರಿಸರ ಪರಿಣಾಮ ಅಧಿಸೂಚನೆ ನೋಡಿ. ರಾಜ್ಯಮಟ್ಟದಲ್ಲಿ ಮುಗಿಯಬಹುದಾದ 'ಬಿ' ವರ್ಗದ ಯೋಜನೆಯೂ ಅಂತರರಾಜ್ಯ ಗಡಿಗೆ ತೀರ ಹತ್ತಿರ ಇದ್ದರೆ ಸಾಮಾನ್ಯವಾಗಿ 'ಎ' ವರ್ಗವಾಗಿ ದಿಲ್ಲಿಯ ಪರಿಶೀಲನೆಗೆ ಹೋಗುತ್ತದೆ. ಮೊದಲು ಈ ಅಂತರ 10 ಕಿ.ಮೀ. ಇತ್ತು, 2014ರಲ್ಲಿ 5ಕ್ಕೆ ಇಳಿಸಿದರು. ವರ್ಷಕ್ಕೆ 50 ಲಕ್ಷ ಟನ್ನಿನ ಮೇಲೆ ಸರಕು ಸಾಗಿಸುವ ಬಂದರಂತೂ ಹೇಗಿದ್ದರೂ 'ಎ' ವರ್ಗವೇ.

ತೊಡಕು ಅಹವಾಲು ಸಭೆಯದ್ದು, ಅಂದರೆ ಅನುಮತಿಗೆ ಮೊದಲು ಊರಿನವರ ಮಾತು ಕೇಳುವ ಸಭೆಯದ್ದು. ಯೋಜನೆಯ ಜಾಗ ಎರಡು ರಾಜ್ಯಗಳಲ್ಲಿ ಹರಡಿದ್ದರೆ ಎರಡೂ ಕಡೆ ಸಭೆ ಕಡ್ಡಾಯ. ಜಾಗ ಒಂದೇ ಕಡೆ ಇದ್ದು, ಪರಿಣಾಮ ಮಾತ್ರ ಗಡಿ ದಾಟಿದರೆ ಆಚೆಯವರಿಗೆ ಪ್ರತ್ಯೇಕ ಸಭೆ ಇಲ್ಲ. ಮೀನಿಗೆ, ಗಾಳಿಗೆ ಪೋಳೆಂ ಚೆಕ್‌ಪೋಸ್ಟ್ ಗೊತ್ತಿಲ್ಲ ಎನ್ನುವುದನ್ನು ಈ ನಿಯಮ ಬರೆದವರು ಯೋಚಿಸಿಲ್ಲ. ನಮ್ಮಲ್ಲಿ ಇದು ಇನ್ನೂ ತೊಡಕು: ಬಿಣಗಾ ದಡದಿಂದ ಕಣ್ಣಿಗೆ ಕಾಣುವ ಅಂಜುದೀವ ದ್ವೀಪ ಆಡಳಿತದ ಲೆಕ್ಕದಲ್ಲಿ ಗೋವಾದ್ದು. ಗಡಿಗೆರೆಯೇ ಹಾಗಿರುವಾಗ ಅಧ್ಯಯನದ ವ್ಯಾಪ್ತಿಯಲ್ಲಿ ಆಚೆಯ ಹಳ್ಳಿಗಳನ್ನು ಸೇರಿಸಿದ್ದಾರಾ ಎಂದು ಮೊದಲೇ ಕೇಳಬೇಕು. ಅಧ್ಯಯನದ ವ್ಯಾಪ್ತಿ ನಿಗದಿಯಾಗುವ ಹಂತದಲ್ಲೇ ದಿಲ್ಲಿಯ ತಜ್ಞರ ಸಮಿತಿಗೆ ಬರೆಯಿರಿ. ವರದಿ ತಯಾರಾದ ಮೇಲೆ ಬರೆದರೆ 'ಗಮನಿಸಲಾಗಿದೆ' ಎಂಬ ಒಂದು ಸಾಲು ಬರುತ್ತದೆ, ಅಷ್ಟೇ.

ಅಭಿಪ್ರಾಯ ಬರೆದು ಕಳಿಸಲು ಸಭೆಯ ಊರಿನವರೇ ಆಗಬೇಕಿಲ್ಲ, ಯೋಜನೆಯಲ್ಲಿ ನ್ಯಾಯವಾದ ಹಿತಾಸಕ್ತಿ ಇದ್ದರೆ ಸಾಕು. ಅನುಮತಿ ಸಿಕ್ಕಿಬಿಟ್ಟರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ. ತಡವಾದದ್ದಕ್ಕೆ ಸಕಾರಣ ಕೊಟ್ಟರೆ ಇನ್ನೂ 60 ದಿನದ ತನಕ ಅವಕಾಶ ಸಿಗಬಹುದು, ಅದರಾಚೆ ಬಾಗಿಲು ಮುಚ್ಚಿತು.

ಪ್ರಶ್ನೆ (ಅಂಕೋಲಾದಿಂದ): ನಮ್ಮಲ್ಲಿ ಹೊಸದಾಗಿ ಕಟ್ಟಲು ಹೊರಟಿರುವ ಕೇಣಿ ಬಂದರಿನ ವಿಷಯಕ್ಕೆ ಇದರಿಂದ ಏನಾದರೂ ಉಪಯೋಗ ಉಂಟಾ? ಅಲ್ಲಿ ಬರುವುದು ಗ್ಯಾಸ್ ಅಲ್ಲವಲ್ಲ.

ಉತ್ತರ: ಸರಕು ಬೇರೆಯಾದರೂ ಪ್ರಶ್ನೆ ಅದೇ. 2025ರ ಆಗಸ್ಟ್‌ನಲ್ಲಿ ಅಂಕೋಲಾದಲ್ಲಿ ನಡೆದ ಅಹವಾಲು ಸಭೆಗೆ ಎಷ್ಟು ಜನ ಬಂದಿದ್ದರು ಎಂದು ಜಿಲ್ಲೆ ನೋಡಿದೆ. ನೀವು ಹೋರಾಡುತ್ತಿರುವವರು, ನಾನು ದೂರ ಕೂತವಳು, ಬುದ್ಧಿ ಹೇಳಲಾರೆ. ಒಂದು ಮಾತ್ರ ಮಾಡಿಕೊಳ್ಳಿ: ನಾಡದೋಣಿಯವರು ಯಾವ ತಿಂಗಳು ಎಲ್ಲಿ ಬಲೆ ಬಿಡುತ್ತಾರೆ, ಎಂಡಿ ಬಲೆ (ದಡಕ್ಕೆ ಎಳೆಯುವ ಬಲೆ) ಎಳೆಯುವ ಜಾಗ ಯಾವುದು, ಬಂಗಡೆ ಯಾವಾಗ ದಡಕ್ಕೆ ಬರುತ್ತದೆ, ಜೂನ್–ಜುಲೈ ಯಾಂತ್ರಿಕ ದೋಣಿಗಳ ನಿಷೇಧದಲ್ಲಿ ಯಾರು ಎಲ್ಲಿ ಮೀನು ಹಿಡಿಯುತ್ತಾರೆ, ಇದನ್ನೆಲ್ಲ ನಕಾಶೆಯ ಮೇಲೆ ನೀವೇ ಬರೆಯಿರಿ. ಅದರ ಮೇಲೆ ಹಡಗಿನ ದಾರಿ, ಹೂಳೆತ್ತುವ ಜಾಗ, ಹೂಳು ಸುರಿಯುವ ಜಾಗ ಗುರುತು ಮಾಡಿ. ಹಿರಿಯ ತಾಂಡೇಲರ (ದೋಣಿ ನಡೆಸುವವರ) ತಲೆಯಲ್ಲಿ ಇರುವುದು ಕಾಗದಕ್ಕೆ ಬಂದರೆ ಅದನ್ನು ಅಲ್ಲಗಳೆಯುವುದು ಯಾವ ಸಲಹೆಗಾರ ಕಂಪನಿಗೂ ಸುಲಭವಲ್ಲ.

ಪ್ರಶ್ನೆ (ಕುಮಟಾದಿಂದ): ವರದಿ ಇಂಗ್ಲಿಷಿನಲ್ಲಿ ನೂರಾರು ಪುಟ ಇರುತ್ತದೆ. ನಾವು ಕನ್ನಡದಲ್ಲಿ ಬರೆದುಕೊಟ್ಟರೆ ನಡೆಯುತ್ತದಾ?

ಉತ್ತರ: ಧಾರಾಳವಾಗಿ ನಡೆಯುತ್ತದೆ. ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲೂ ಕೊಡಬೇಕು ಎಂದು ನಿಯಮವಿದೆ, ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಬರಬೇಕು, ಸಭೆಯನ್ನು ಪೂರ್ತಿ ವಿಡಿಯೊ ಮಾಡಬೇಕು. ಸಭೆಗೆ ಇಂತಿಷ್ಟೇ ಜನ ಬರಬೇಕು ಎಂಬ ಕೋರಂ ಇಲ್ಲ, ಆದ್ದರಿಂದ ಬಹಿಷ್ಕಾರ ಹಾಕಿದರೆ ಸಭೆ ನಿಂತುಹೋಗುತ್ತದೆ ಎಂದು ನಂಬಬೇಡಿ. ಇಂಗ್ಲಿಷ್ ವರದಿಯಲ್ಲಿ ಮೊದಲು ಅಪಾಯ ವಿಶ್ಲೇಷಣೆಯ ಅಧ್ಯಾಯ ತೆಗೆಯಿರಿ, ಅಪಾಯ ಎಷ್ಟು ದೂರ ಹರಡುತ್ತದೆ ಎಂಬ ಲೆಕ್ಕಕ್ಕೆ ಹಾಕಿದ ಗಾಳಿಯ ವೇಗ ಯಾವ ತಿಂಗಳದ್ದು ನೋಡಿ. ಮಳೆಗಾಲ ಬಿಟ್ಟು ಮೂರು ತಿಂಗಳ ಅಂಕಿ ಇಟ್ಟು ಇಡೀ ವರ್ಷದ ಮಾತಾಡುವುದು ಮಾಮೂಲು. ಅಲೆತಡೆ ಗೋಡೆ ಮುಗಿಯದ ಕಾರಣ ಮಹಾರಾಷ್ಟ್ರದ ದಾಭೋಳ್ ಎಲ್‌ಎನ್‌ಜಿ ಟರ್ಮಿನಲ್ ವರ್ಷಗಟ್ಟಲೆ ಮಳೆಗಾಲದಲ್ಲಿ ಹಡಗು ತರಿಸಿಕೊಳ್ಳಲಾಗದೆ ನಿಂತಿತ್ತು. ನಮ್ಮದೂ ಅದೇ ಅರಬ್ಬಿ ಸಮುದ್ರ.

ಮನವಿ ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಕೋರ್ಟಿಗೆ ಹೋದಾಗ ಮೊದಲು ಕೇಳುವುದು ಅದನ್ನೇ. ಕರಡು ಬರೆದು ಇಲ್ಲಿ ಹಾಕಿದರೆ ನಾನು ಓದಿ ತಿದ್ದಿಕೊಡುತ್ತೇನೆ, ರಾತ್ರಿ ಎಂಟರ ಮೇಲೆ ಹಾಕಿ.