ಫೋನು ಯಾರದ್ದಾದರೇನು, ಷೇರು ಯಾರದ್ದು?

ಷೇರಿನ ಮಾತು ಬಂದರೆ ನಮ್ಮ ಗುಂಪಿನಲ್ಲಿ ಯಾರೂ ಕಂಪನಿಯ ಲೆಕ್ಕಪತ್ರ ತೆಗೆದು ನೋಡುವುದಿಲ್ಲ. ಜೇಬಿನಿಂದ ಫೋನ್ ತೆಗೆಯುತ್ತಾರೆ. ಯಾರ ಕೈಯಲ್ಲಿ ಯಾವ ಫೋನೋ, ಆ ಕಂಪನಿಯ ಷೇರೇ ಲೋಕಕ್ಕೆ ಶ್ರೇಷ್ಠ. ವಕೀಲನದು ಐಫೋನ್. ಎಂಜಿನಿಯರನದು ಸ್ಯಾಮ್‌ಸಂಗ್. ದೊಡ್ಡಣ್ಣನದು ಗುಂಡಿ ಒತ್ತುವ ಹಳೇ ನೋಕಿಯಾ. ಲೆಕ್ಕ ಕಲಿಸುವ ಮೇಷ್ಟ್ರಿಗೆ ಮಾತ್ರ ಫೋನಿನ ಮೇಲೆ ಮೋಹವಿಲ್ಲ. ಅದಕ್ಕೇ ಅವರ ಮಾತು ಯಾರಿಗೂ ಹಿಡಿಸುವುದಿಲ್ಲ.

"ಆಪಲ್ ಇರುವಾಗ ಬೇರೆ ಷೇರು ಯಾಕೆ ಬೇಕು?" ವಕೀಲ ವಾದ ಶುರು ಮಾಡಿದ. "2018ರ ಆಗಸ್ಟ್‌ನಲ್ಲಿ ಒಂದು ಲಕ್ಷ ಕೋಟಿ ಡಾಲರ್ ಬೆಲೆಯ ಕಂಪನಿ. 2020ರ ಆಗಸ್ಟ್‌ಗೆ ಎರಡು ಲಕ್ಷ ಕೋಟಿ. ಇನ್ನೇನು ಸಾಕ್ಷಿ ಬೇಕು?"

"ನಿನ್ನ ಫೋನಿನ ಪರದೆ ಯಾರು ಮಾಡಿದ್ದು ಗೊತ್ತಾ?" ಎಂಜಿನಿಯರ್ ಕೇಳಿದ. "2017ರಲ್ಲಿ ಐಫೋನ್ ಟೆನ್ ಬಂತಲ್ಲ, ಅದರ ಓಎಲ್‌ಇಡಿ ಪರದೆ ನಾವೇ ಕೊಟ್ಟಿದ್ದು."

"ನಾವೇ" ಅಂದ. ಅವನ ಹತ್ತಿರ ಸ್ಯಾಮ್‌ಸಂಗ್‌ನ ಅರ್ಧ ಷೇರೂ ಇಲ್ಲ.

"ಅದೇ ಸ್ಯಾಮ್‌ಸಂಗ್ ಮೇಲೆ 2011ರಲ್ಲಿ ಆಪಲ್ ಕೇಸು ಹಾಕಿತು," ಎಂದರು ಮೇಷ್ಟ್ರು. "ನಮ್ಮ ಫೋನ್ ನೋಡಿ ಕಾಪಿ ಹೊಡೆದಿದ್ದೀರಿ ಅಂತ. 2012ರಲ್ಲಿ ಅಮೆರಿಕದ ಜ್ಯೂರಿ ನೂರು ಕೋಟಿ ಡಾಲರಿಗೂ ಮೇಲೆ ದಂಡ ಹೇಳಿತು. ಮೇಲ್ಮನವಿ, ಮರುವಿಚಾರಣೆ, ಎಲ್ಲ ಆಗಿ ರಾಜಿಯಾಗಿದ್ದು 2018ರಲ್ಲಿ. ಅಷ್ಟೂ ವರ್ಷ ಒಂದು ಕಡೆ ಕೇಸು, ಇನ್ನೊಂದು ಕಡೆ ಬಿಡಿಭಾಗದ ವ್ಯಾಪಾರ. ಎರಡೂ ನಿಲ್ಲಲಿಲ್ಲ."

"ಏಳು ವರ್ಷ ಫೀಸು!" ವಕೀಲನ ಕಣ್ಣು ಅರಳಿತು. "ಆ ವಕೀಲರ ಷೇರು ಎಲ್ಲಾದರೂ ಸಿಗುತ್ತಾ?"

"ಗೂಗಲ್ ಕಥೆ ಇದಕ್ಕಿಂತ ಚೆನ್ನಾಗಿದೆ," ಮೇಷ್ಟ್ರು ಬಿಡಲಿಲ್ಲ. "ಆಂಡ್ರಾಯ್ಡ್ ಅವರದೇ. ಐಫೋನಿಗೆ ಎದುರಾಳಿ ಅಂದ್ರೆ ಅವರೇ. ಆದರೆ ಐಫೋನಿನಲ್ಲಿ ಏನಾದರೂ ಹುಡುಕಿದರೆ ಮೊದಲು ಗೂಗಲ್ಲೇ ಬರಲಿ ಅಂತ 2022ರಲ್ಲಿ ಆಪಲ್‌ಗೆ 2,000 ಕೋಟಿ ಡಾಲರ್ ಕೊಟ್ಟಿದ್ದಾರೆ. ಕೋರ್ಟಿನ ದಾಖಲೆಯಲ್ಲೇ ಇದೆ."

ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಇವರ ಪರವಾಗಿ ನಾವಿಲ್ಲಿ ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದೇವೆ. ಅವರು ನೋಡಿದರೆ ಒಬ್ಬರಿಗೊಬ್ಬರು ಚೆಕ್ ಬರೆದುಕೊಳ್ಳುತ್ತಾ ಹಾಯಾಗಿದ್ದಾರೆ.

ಎಂಜಿನಿಯರ್ ಹೊಸ ಉಪಾಯ ತೆಗೆದ. "ಹಾಗಾದರೆ ಎರಡು ಕಡೆಯದ್ದೂ ತಗೊಳ್ಳೋಣ. ಒಬ್ಬ ಬಿದ್ದರೆ ಇನ್ನೊಬ್ಬ ಏಳುತ್ತಾನೆ. ನಷ್ಟವೇ ಇಲ್ಲ."

"ಇಬ್ಬರೂ ಒಟ್ಟಿಗೆ ಬಿದ್ದರೆ?" ಎಂದರು ಮೇಷ್ಟ್ರು. "2019ರ ಜನವರಿ 2ಕ್ಕೆ ಆಪಲ್ ಮುಖ್ಯಸ್ಥ ಟಿಮ್ ಕುಕ್ ಒಂದು ಪತ್ರ ಬರೆದರು. ಅಂದುಕೊಂಡಷ್ಟು ಆದಾಯ ಬರಲ್ಲ ಅಂತ. ಮರುದಿನ ಆಪಲ್ ಷೇರು ಸುಮಾರು ನೂರಕ್ಕೆ ಹತ್ತರಷ್ಟು ಇಳಿಯಿತು. ಅದರ ಹಿಂದೆ ಬಿಡಿಭಾಗ ಕೊಡುವವರದ್ದೂ ಇಳಿಯಿತು. ನಿನ್ನ ಸ್ಯಾಮ್‌ಸಂಗ್ ಏರಲಿಲ್ಲಪ್ಪ, ಅದೂ ಇಳಿಯಿತು."

ಇಲ್ಲಿ ನನ್ನದೂ ಒಂದು ಮಾತು ಸೇರಿಸಿದೆ. ಸ್ಮಾರ್ಟ್‌ಫೋನ್ ಮಾರಾಟ ತುತ್ತತುದಿ ಮುಟ್ಟಿದ್ದು 2016ರ ಸುಮಾರಿಗೆ. ಆ ವರ್ಷ ಜಗತ್ತಿಗೆಲ್ಲ ಸೇರಿ 147 ಕೋಟಿ ಫೋನ್ ಹೋದವು. ಆಮೇಲೆ ಜನ ಹಳೇ ಫೋನನ್ನೇ ಜಾಸ್ತಿ ದಿನ ಓಡಿಸತೊಡಗಿದರು. ಅಂದರೆ ಈ ಕಂಪನಿಗಳಿಗೆಲ್ಲ ನಿಜವಾದ ವೈರಿ ಒಬ್ಬರಿಗೊಬ್ಬರಲ್ಲ. ಹಳೇ ಫೋನು.

"ಹಾಗೆ ಹೇಳು!" ದೊಡ್ಡಣ್ಣ ಎದ್ದು ಕುಳಿತರು. "2007ರ ಕೊನೆಗೆ ಲೋಕದಲ್ಲಿ ಮಾರಿದ ನೂರು ಫೋನಿನಲ್ಲಿ ಸುಮಾರು ನಲವತ್ತು ನೋಕಿಯಾ."

"ಅದೇ ವರ್ಷ ಐಫೋನ್ ಬಂತು ದೊಡ್ಡಣ್ಣ," ವಕೀಲ ಚುಚ್ಚಿದ. "2013ಕ್ಕೆ ನೋಕಿಯಾ ತನ್ನ ಫೋನ್ ವ್ಯವಹಾರವನ್ನೇ ಮೈಕ್ರೋಸಾಫ್ಟ್‌ಗೆ ಮಾರೋಕೆ ಒಪ್ಪಿತು. ಸುಮಾರು 544 ಕೋಟಿ ಯೂರೋಗೆ. ಕೊಂಡವರಾದರೂ ಉದ್ಧಾರವಾದರಾ? 2015ರಲ್ಲಿ 760 ಕೋಟಿ ಡಾಲರ್ ನಷ್ಟ ಅಂತ ಬರೆದು ಕೈತೊಳೆದುಕೊಂಡರು."

"ಬಿದ್ದಿದ್ದು ಷೇರು, ಫೋನ್ ಅಲ್ಲ," ಎಂದರು ದೊಡ್ಡಣ್ಣ. "ಫೋನ್ ಎಷ್ಟು ಸಲ ಬಿದ್ದರೂ ಏನೂ ಆಗಿಲ್ಲ."

ಈ ಮಾತಿಗೆ ಉತ್ತರವಿಲ್ಲ. ಗಟ್ಟಿ ಫೋನ್ ಮಾಡುವ ಕಂಪನಿಯ ಷೇರು ಗಟ್ಟಿಯಾಗಿರಬೇಕು ಎಂದು ಎಲ್ಲೂ ಬರೆದಿಲ್ಲ.

ಮೇಷ್ಟ್ರಿಗೆ ಈಗ ಹುರುಪು ಬಂದಿತ್ತು. "ಎಚ್‌ಟಿಸಿ ನೆನಪಿದೆಯಾ? 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಮಾಡಿದವರು. 2011ರಲ್ಲಿ ಷೇರುಪೇಟೆಯಲ್ಲಿ ನೋಕಿಯಾವನ್ನೂ ದಾಟಿದರು. 2015ಕ್ಕೆ ಆ ಇಡೀ ಕಂಪನಿಯ ಬೆಲೆ, ಅದರ ಬಳಿ ಇದ್ದ ನಗದಿಗಿಂತ ಕಮ್ಮಿ! ಗಲ್ಲಾಪೆಟ್ಟಿಗೆ ತೆಗೆದುಕೊಂಡರೆ ಅಂಗಡಿ ಪುಕ್ಕಟೆ, ಮೇಲೆ ಚಿಲ್ಲರೆ ವಾಪಸ್ ಅನ್ನೋ ಹಾಗೆ."

"ಅಂಥ ಪೇಟೆಗೆ ತಲೆ ಕೆಟ್ಟಿದೆ," ಎಂದ ವಕೀಲ.

"ತಲೆ ಕೆಟ್ಟಿದ್ದು ನೋಡಬೇಕಾದರೆ ಪಾಮ್ ಕಥೆ ಕೇಳು. ಸ್ಮಾರ್ಟ್‌ಫೋನಿಗಿಂತ ಮುಂಚೆ ಅಂಗೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರ್ ಮಾಡುತ್ತಿದ್ದವರು. ಅದರ ಒಡೆಯ ಕಂಪನಿ ತ್ರೀಕಾಮ್. 2000ದ ಮಾರ್ಚ್ 2ಕ್ಕೆ ತ್ರೀಕಾಮ್‌ನವರು ಪಾಮ್‌ನ ನೂರಕ್ಕೆ ಐದರಷ್ಟು ಷೇರು ಮಾತ್ರ ಪೇಟೆಗೆ ಬಿಟ್ಟರು. ಒಂದಕ್ಕೆ 38 ಡಾಲರ್. ಸಂಜೆಗೆ 95. ಉಳಿದದ್ದು ಹೆಚ್ಚುಕಡಿಮೆ ಎಲ್ಲ ಯಾರ ಹತ್ತಿರ ಇದೆ?"

"ತ್ರೀಕಾಮ್ ಹತ್ತಿರ."

"ಹೌದಾ? ಅವತ್ತು ಸಂಜೆ ಪಾಮ್‌ನ ಬೆಲೆ 5,000 ಕೋಟಿ ಡಾಲರಿಗೂ ಜಾಸ್ತಿ. ಅದನ್ನು ಇಟ್ಟುಕೊಂಡಿದ್ದ ತ್ರೀಕಾಮ್‌ನ ಬೆಲೆ 3,000 ಕೋಟಿಗಿಂತ ಕಮ್ಮಿ."

ಎಂಜಿನಿಯರ್ ಬೆರಳು ಮಡಚಿ ಎಣಿಸಿದ. ಬಿಚ್ಚಿದ. ಮತ್ತೆ ಮಡಚಿದ. "ಅಂದ್ರೆ ತ್ರೀಕಾಮ್‌ನ ಉಳಿದ ವ್ಯಾಪಾರ, ಕಟ್ಟಡ, ಬ್ಯಾಂಕಿನ ದುಡ್ಡು, ಎಲ್ಲ ಸೇರಿ ಸೊನ್ನೆಗಿಂತ ಕೆಳಗೆ?"

"ಪೇಟೆಯ ಪ್ರಕಾರ, ಹೌದು."

"ಹಾಗಾದರೆ ತ್ರೀಕಾಮ್ ಕೊಂಡು ಪಾಮ್ ಮಾರಿಬಿಟ್ಟರೆ ಕೂತಲ್ಲೇ ಕೋಟ್ಯಧೀಶ!"

"ಎಲ್ಲರಿಗೂ ಅದೇ ಹೊಳೆಯಿತು. ಇಲ್ಲದ ಷೇರು ಮಾರಬೇಕಾದರೆ ಮೊದಲು ಯಾರಾದರೂ ಆ ಷೇರನ್ನೇ ಸಾಲ ಕೊಡಬೇಕಲ್ಲ? ಪೇಟೆಯಲ್ಲಿ ಇದ್ದದ್ದೇ ಬೆರಳೆಣಿಕೆಯಷ್ಟು. ಸಾಲಕ್ಕೆ ಸಿಗೋದೇ ಕಷ್ಟವಾಯಿತು. ಆ ಪಾಮ್ ಕೊನೆಗೆ 2010ರಲ್ಲಿ ಎಚ್‌ಪಿಗೆ ಹೋಯಿತು. 120 ಕೋಟಿ ಡಾಲರಿಗೆ."

ನನಗೆ ಈ ಕಥೆ ತುಂಬಾ ಇಷ್ಟ. ಹಾಳೆ ಮೇಲೆ ಲೆಕ್ಕ ಸರಿಯಾಗಿರುವುದೂ ಕೈಗೆ ದುಡ್ಡು ಬರುವುದೂ ಬೇರೆ ಬೇರೆ ಅನ್ನೋದು ಇಷ್ಟು ಚೆನ್ನಾಗಿ ಇನ್ನೆಲ್ಲೂ ಕಾಣುವುದಿಲ್ಲ.

"ಹೊಸಬರ ಮಾತು ಹೇಳಿ ಮೇಷ್ಟ್ರೇ," ಎಂದೆ. "ಶಿಯೋಮಿ?"

"2018ರಲ್ಲಿ ಅದರ ಒಡೆಯರು ಮಾತು ಕೊಟ್ಟರು. ಫೋನಿನಂಥ ವಸ್ತುಗಳ ಮೇಲೆ ನೂರಕ್ಕೆ ಐದಕ್ಕಿಂತ ಹೆಚ್ಚು ಲಾಭ ಇಟ್ಟುಕೊಳ್ಳಲ್ಲ ಅಂತ."

"ಎಂಥ ಒಳ್ಳೆ ಮನುಷ್ಯ!" ದೊಡ್ಡಣ್ಣನಿಗೆ ಸಂತೋಷವಾಯಿತು.

"ಫೋನ್ ಕೊಳ್ಳುವವನಿಗೆ ಒಳ್ಳೆಯವನೇ. ಷೇರು ಕೊಂಡವನಿಗೆ? ಆ ಜುಲೈನಲ್ಲಿ ಹಾಂಗ್‌ಕಾಂಗ್‌ನಲ್ಲಿ 17 ಹಾಂಗ್‌ಕಾಂಗ್ ಡಾಲರಿಗೆ ಷೇರು ಬಿಟ್ಟರು. ಮರುವರ್ಷ ಅರ್ಧಕ್ಕೆ ಬಂತು. ಆಮೇಲೆ ಕಾರು ಮಾಡೋಕೆ ಹೊರಟರು. ಎಲ್ಲರೂ ನಕ್ಕರು. 2024ರ ಫೆಬ್ರವರಿಯಲ್ಲಿ, ಸುಮಾರು ಹತ್ತು ವರ್ಷ ಒದ್ದಾಡಿದ ಆಪಲ್ ತನ್ನ ಕಾರಿನ ಆಸೆ ಬಿಟ್ಟಿತು. ಮಾರ್ಚ್‌ನಲ್ಲಿ ಶಿಯೋಮಿ ಕಾರು ಮಾರುಕಟ್ಟೆಗೆ ಬಂತು. ಷೇರೂ ಏರಿತು."

ವಕೀಲ ತನ್ನ ಫೋನನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ.

"ಹುವಾವೆ, ಒಪ್ಪೊ, ವಿವೋ?"

"ಅವು ಪೇಟೆಯಲ್ಲೇ ಇಲ್ಲ. ಆಸೆಪಟ್ಟರೂ ಷೇರು ಸಿಗಲ್ಲ. ಎಲ್‌ಜಿ 2021ರಲ್ಲಿ ಫೋನ್ ಮಾಡೋದನ್ನೇ ನಿಲ್ಲಿಸಿತು. ಬಿಡಬಹುದು ಅನ್ನೋ ಸುದ್ದಿ ಬಂದಾಗಲೇ ಅದರ ಷೇರು ಜಿಗಿದಿತ್ತು!"

ಎಂಜಿನಿಯರ್ ಸೋಲೊಪ್ಪುವವನಲ್ಲ. "ಫೋನ್ ಕಂಪನಿಯೇ ಬೇಡ. ಒಳಗಿನ ಸಾಮಾನು ಮಾಡುವವರ ಷೇರು ತಗೊಳ್ಳೋಣ. ಯಾರು ಗೆದ್ದರೂ ಅವರಿಗೆ ದುಡ್ಡು."

ಇದು ಒಳ್ಳೆಯ ಮಾತೇ. ಚಿಪ್ ಮಾಡುವ ಟಿಎಸ್‌ಎಂಸಿಗೆ ಆಪಲ್ ಕೂಡ ಗಿರಾಕಿ, ಆಂಡ್ರಾಯ್ಡ್ ಫೋನುಗಳಿಗೆ ಚಿಪ್ ಕೊಡುವ ಕ್ವಾಲ್ಕಾಮ್ ಕೂಡ. ಆದರೆ ಮೇಷ್ಟ್ರು ಅದಕ್ಕೂ ಎರಡು ಶವ ತಂದು ಮುಂದಿಟ್ಟರು. ಇಮ್ಯಾಜಿನೇಷನ್ ಎಂಬ ಬ್ರಿಟನ್ನಿನ ಕಂಪನಿ ಐಫೋನಿಗೆ ಗ್ರಾಫಿಕ್ಸ್ ವಿನ್ಯಾಸ ಕೊಡುತ್ತಿತ್ತು. ಇನ್ನು ಬೇಡ ಎಂದು ಆಪಲ್ ಹೇಳಿದ್ದು 2017ರ ಏಪ್ರಿಲ್‌ನಲ್ಲಿ ಹೊರಬಿತ್ತು. ಒಂದೇ ದಿನ ಅದರ ಷೇರಿನ ಬೆಲೆಯಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಹೋಯಿತು. ಇನ್ನೊಂದು ಜಿಟಿ ಅಡ್ವಾನ್ಸ್ಡ್. ಆಪಲ್‌ಗೆ ನೀಲಮಣಿ ಗಾಜು ಮಾಡಿಕೊಡಲು ಒಪ್ಪಂದ ಮಾಡಿಕೊಂಡಿತ್ತು. 2014ರಲ್ಲಿ ಐಫೋನ್ 6 ಬಂದಾಗ ನೋಡಿದರೆ ಪರದೆಗೆ ಆ ಗಾಜೇ ಇಲ್ಲ. ತಿಂಗಳೊಳಗೆ ದಿವಾಳಿ.

"ಹಾಗಾದರೆ ಇದರಲ್ಲಿ ದುಡ್ಡು ಮಾಡಿದವರು ಯಾರೂ ಇಲ್ಲವಾ?" ದೊಡ್ಡಣ್ಣ ಬೇಸರದಿಂದ ಕೇಳಿದರು.

"ಇದ್ದಾರೆ. ಅಮೆರಿಕದ ದೊಡ್ಡ ಹೂಡಿಕೆದಾರ ವಾರನ್ ಬಫೆಟ್. 2016ರಿಂದ ಅವರ ಕಂಪನಿ ಆಪಲ್ ಷೇರನ್ನು ರಾಶಿ ರಾಶಿ ಕೊಂಡಿತು. ಅವರ ಕೈಯಲ್ಲಿ ಮಾತ್ರ 2020ರವರೆಗೂ ಮಡಚುವ ಗುಂಡಿ ಫೋನು. ಅದೂ ಸ್ಯಾಮ್‌ಸಂಗ್."

ದೊಡ್ಡಣ್ಣನ ಮುಖ ನೋಡಬೇಕಿತ್ತು. "ನೋಡಿದ್ರಾ! ಗುಂಡಿ ಫೋನ್ ಇಟ್ಟವನಿಗೇ ಬುದ್ಧಿ ಇರೋದು. ನಾನೂ ತಗೊಳ್ಳುತ್ತೇನೆ. ಆಪಲ್ ಷೇರು ಹೇಗೆ ಕೊಳ್ಳೋದು, ಹೇಳು."

"ಸುಲಭ ದೊಡ್ಡಣ್ಣ," ಎಂದೆ. "ಒಂದು ಆ್ಯಪ್ ಹಾಕಿಕೊಳ್ಳಬೇಕು."

"ಈ ಫೋನಿಗೆ ಆ್ಯಪ್ ಬರುತ್ತಾ?"

"ಬರಲ್ಲ."

"ಐಫೋನ್ ತಗೊಳ್ಳಿ," ಎಂದ ವಕೀಲ.

"ಸ್ಯಾಮ್‌ಸಂಗ್ ತಗೊಳ್ಳಿ," ಎಂದ ಎಂಜಿನಿಯರ್.